ಕಾಂಕ್ರೀಟ್ ಛಾವಣಿಗೆ ಸಾಮಗ್ರಿ ತೂಗುಹಾಕುವಿಕೆ: ಕಾಡತೂಸು ಚಾಲಿತ ಮೊಳೆಗಳ ಆಯ್ಕೆ ಮತ್ತು ಬಳಕೆಯ ಕುರಿತು ಸಾರ್ವಜನಿಕರಿಗೆ ಮಾಹಿತಿ

ಪೀಠಿಕೆ

ಹಾವೇರಿ ಜಿಲ್ಲೆಯ ಶಿಗ್ಗಾಂವ, ಸವಣೂರು, ಹಾನಗಲ್ ಹಾಗೂ ಹಿರೇಕೆರೂರು ಭಾಗಗಳಲ್ಲಿ ಮಣ್ಣಿನ ಮಾಳಿಗೆ ಮತ್ತು ಹಂಚಿನ ಮನೆಗಳ ಸ್ಥಾನದಲ್ಲಿ ಆರ್.ಸಿ.ಸಿ. ಛಾವಣಿಯ ಮನೆ, ಅಂಗಡಿ ಹಾಗೂ ಕಲ್ಯಾಣ ಮಂಟಪಗಳು ನಿರ್ಮಾಣಗೊಂಡಿವೆ. ಮಾಳಿಗೆ ಮನೆಯಲ್ಲಿ ತೊಟ್ಟಿಲನ್ನಾಗಲಿ, ದೀಪವನ್ನಾಗಲಿ ತೊಲೆಗೆ ಕಟ್ಟುವುದು ರೂಢಿ. ಕಾಂಕ್ರೀಟ್ ಸ್ಲ್ಯಾಬಿನಲ್ಲಿ ಹಗ್ಗ ಸುತ್ತಲು ತೊಲೆ ಇರುವುದಿಲ್ಲ. ಸ್ಲ್ಯಾಬ್ ಹಾಕುವಾಗ ಕೊಕ್ಕೆ ಬಿಡದಿದ್ದಲ್ಲಿ ಆನಂತರ ರಂಧ್ರ ಕೊರೆಯಬೇಕು ಅಥವಾ ಮೊಳೆ ಹೊಡೆಯಬೇಕು. ಅಂಗಡಿಗಳಿಗೆ ಜಿಪ್ಸಮ್ ಒಳಛಾವಣಿ ಮಾಡಿಸುವುದು ಸಾಮಾನ್ಯವಾದ ಮೇಲೆ, ರಂಧ್ರ ಕೊರೆಯದೆ ಒಂದೇ ಹೊಡೆತಕ್ಕೆ ಮೊಳೆ ಕೂಡಿಸುವ ಉಪಕರಣದ ಬಳಕೆಯೂ ಹೆಚ್ಚಿದೆ. ಕೆಲಸಗಾರರು ಇದನ್ನು 'ಗನ್' ಎಂದೇ ಕರೆಯುತ್ತಾರೆ.

ಛಾವಣಿಗೆ ತೂಗುಹಾಕಿದ ವಸ್ತುವಿನ ಕೆಳಗೆ ಜನರು ಕುಳಿತಿರುತ್ತಾರೆ, ಮಕ್ಕಳು ಮಲಗಿರುತ್ತಾರೆ. ಆದ್ದರಿಂದ ಯಾವ ವಸ್ತುವಿಗೆ ಈ ಮೊಳೆ ಸಾಕು, ಯಾವುದಕ್ಕೆ ಸಾಲದು ಎಂಬುದನ್ನು ಮನೆಯ ಮಾಲೀಕರು ಕೆಲಸಗಾರರನ್ನು ಕರೆಯುವ ಮೊದಲೇ ತಿಳಿದಿರುವುದು ಅವಶ್ಯಕ. ಕಟ್ಟಡ ಪರವಾನಗಿ, ಉದ್ದಿಮೆ ಪರವಾನಗಿ ಹಾಗೂ ವಿದ್ಯುತ್ ಸಂಪರ್ಕಕ್ಕೆ ಅರ್ಜಿ ಸಲ್ಲಿಸುವವರ ಉಪಯೋಗಕ್ಕಾಗಿ ಈ ಕೆಳಗಿನ ಮಾಹಿತಿಯನ್ನು ನೀಡಲಾಗಿದೆ.

ಉಪಕರಣದ ಕಾರ್ಯವಿಧಾನ

ಉಪಕರಣದೊಳಗೆ ಚಿಕ್ಕದೊಂದು ಕಾಡತೂಸು ಇರುತ್ತದೆ. ಉಪಕರಣದ ಮೂತಿಯನ್ನು ಕಾಂಕ್ರೀಟಿಗೆ ಬಲವಾಗಿ ಒತ್ತಿ ಹಿಡಿದು ಗುಂಡಿಯನ್ನು ಎಳೆದಾಗ ಕಾಡತೂಸಿನ ಮದ್ದು ಉರಿದು ಅನಿಲ ಉಂಟಾಗುತ್ತದೆ. ಈಗಿನ ಉಪಕರಣಗಳಲ್ಲಿ ಆ ಅನಿಲವು ನೇರವಾಗಿ ಮೊಳೆಯನ್ನು ತಳ್ಳುವುದಿಲ್ಲ. ಅದು ಪಿಸ್ಟನ್ ಒಂದನ್ನು ತಳ್ಳುತ್ತದೆ, ಪಿಸ್ಟನ್ ಮೊಳೆಯನ್ನು ಹೊಡೆಯುತ್ತದೆ. ಮೊಳೆ ಬಂದೂಕಿನ ಗುಂಡಿನಂತೆ ಹಾರಿಹೋಗದಿರಲಿ ಎಂಬುದೇ ಈ ವ್ಯವಸ್ಥೆಯ ಉದ್ದೇಶ. ಪಿಸ್ಟನ್ ಇಲ್ಲದ ಹಳೆಯ ಮಾದರಿಗಳು ಎಲ್ಲಿಯಾದರೂ ದೊರೆತಲ್ಲಿ ಅವುಗಳನ್ನು ಬಳಸತಕ್ಕದ್ದಲ್ಲ.

ಮೊಳೆಯು ಹದಗೊಳಿಸಿದ ಉಕ್ಕಿನದಾಗಿದ್ದು ಸುಮಾರು 4 ಮಿ.ಮೀ. ದಪ್ಪವಿರುತ್ತದೆ. ಕಾಂಕ್ರೀಟಿನೊಳಗೆ ಅತಿ ವೇಗದಿಂದ ನುಗ್ಗುವಾಗ ಹುಟ್ಟುವ ಶಾಖದಿಂದ ಮೊಳೆಯ ತುದಿಯ ಸುತ್ತಲಿನ ಕಾಂಕ್ರೀಟು ಅದಕ್ಕೆ ಬೆಸೆದಂತೆ ಅಂಟಿಕೊಳ್ಳುತ್ತದೆ, ಬದಿಗೆ ಸರಿದ ಕಾಂಕ್ರೀಟಿನ ಒತ್ತಡವೂ ಅದನ್ನು ಹಿಡಿಯುತ್ತದೆ. ಮನೆಯ ಗೋಡೆಗೆ ಸುತ್ತಿಗೆಯಿಂದ ಹೊಡೆಯುವ ಸ್ಟೀಲ್ ಮೊಳೆಗೆ ಈ ಹಿಡಿತ ಬರುವುದಿಲ್ಲ. ಆದುದರಿಂದ ಅಂತಹ ಮೊಳೆಯನ್ನು ಈ ಉಪಕರಣದಲ್ಲಿ ಹಾಕುವುದನ್ನು ಸಂಪೂರ್ಣವಾಗಿ ನಿಷಿದ್ಧವೆಂದು ಭಾವಿಸತಕ್ಕದ್ದು. ಅದು ಚೂರಾಗಿ ಸಿಡಿಯುವ ಸಂಭವವಿದೆ.

ಯಾವ ವಸ್ತುಗಳಿಗೆ ಯೋಗ್ಯ, ಯಾವುದಕ್ಕೆ ಅಲ್ಲ

ಹಗುರವಾದ, ಅಲುಗಾಡದ, ಹಲವು ಬಿಂದುಗಳಲ್ಲಿ ಹಿಡಿಯಲ್ಪಟ್ಟ ವಸ್ತುಗಳಿಗೆ ಈ ಮೊಳೆ ಯೋಗ್ಯವಾಗಿದೆ. ವಿದ್ಯುತ್ ಪೈಪಿನ ಕ್ಲಾಂಪುಗಳು, ಕೇಬಲ್ ಪಟ್ಟಿಗಳು, ಹಗುರವಾದ ಟ್ಯೂಬ್ ದೀಪದ ಪಟ್ಟಿ, ಜಿಪ್ಸಮ್ ಒಳಛಾವಣಿಯ ಚೌಕಟ್ಟಿನ ತೂಗುಪಟ್ಟಿಗಳು ಈ ವರ್ಗಕ್ಕೆ ಸೇರುತ್ತವೆ. ಇಲ್ಲಿ ಒಂದು ಮೊಳೆ ಸಡಿಲಾದರೂ ಅಕ್ಕಪಕ್ಕದ ಮೊಳೆಗಳು ಆ ಭಾರವನ್ನು ಹೊರುತ್ತವೆ. ಕಾಂಕ್ರೀಟಿನೊಳಗಿನ ಗಟ್ಟಿ ಖಡಿಗೆ ತಗುಲಿ ಕೆಲವು ಮೊಳೆಗಳು ಬಾಗುವುದು ಅಥವಾ ಅರೆಹಿಡಿತದಲ್ಲಿ ನಿಲ್ಲುವುದು ಎಷ್ಟೇ ಅನುಭವಿ ಕೆಲಸಗಾರನಿಂದಲೂ ತಪ್ಪಿಸಲಾಗದ ಸಂಗತಿ. ಹೊರಗಿನಿಂದ ನೋಡಿದರೆ ಎರಡೂ ಒಂದೇ ತೆರನಾಗಿ ಕಾಣುತ್ತವೆ.

ಆದ್ದರಿಂದಲೇ ಒಂದೇ ಬಿಂದುವಿನಿಂದ ತೂಗುವ ಯಾವುದೇ ವಸ್ತುವಿಗೆ ಈ ಮೊಳೆಯನ್ನು ನಂಬತಕ್ಕದ್ದಲ್ಲ.

ವಿದ್ಯುತ್ ಫ್ಯಾನ್ ಇವುಗಳಲ್ಲಿ ಮೊದಲನೆಯದು. ಅದರ ತೂಕ 4ರಿಂದ 6 ಕಿ.ಗ್ರಾಂ. ಮಾತ್ರವಿದ್ದು, ತೂಕದ ದೃಷ್ಟಿಯಿಂದ ಮೊಳೆ ಸಾಕೆಂದು ತೋರುತ್ತದೆ. ಆದರೆ ನಿಮಿಷಕ್ಕೆ ಮುನ್ನೂರಕ್ಕೂ ಹೆಚ್ಚು ಸುತ್ತು ತಿರುಗುವ ಫ್ಯಾನಿನ ರೆಕ್ಕೆಗಳ ಸಮತೋಲನ ಸ್ವಲ್ಪ ತಪ್ಪಿದರೂ ಪ್ರತಿ ಸುತ್ತಿಗೂ ಮೊಳೆಗೆ ಅತ್ತಿತ್ತ ಎಳೆತ ಬೀಳುತ್ತದೆ. ಫ್ಯಾನಿಗೆ ಸ್ಲ್ಯಾಬ್ ಹಾಕುವಾಗಲೇ 12 ಮಿ.ಮೀ. ಸರಳಿನ ಕೊಕ್ಕೆಯನ್ನು ಒಳಗಿನ ಕಬ್ಬಿಣದ ಜಾಲರಿಗೆ ಬಿಗಿದು ಹೂಳುವುದೇ ಸರಿಯಾದ ಕ್ರಮ. ಕೊಕ್ಕೆ ಇಲ್ಲದಿದ್ದಲ್ಲಿ, ರಂಧ್ರ ಕೊರೆದು ಒಂದಕ್ಕಿಂತ ಹೆಚ್ಚು ಆ್ಯಂಕರ್ ಬೋಲ್ಟುಗಳಿಂದ ಕೂಡಿಸಿದ ಉಕ್ಕಿನ ತಗಡಿನ ಕೊಕ್ಕೆಯನ್ನು ಬಳಸತಕ್ಕದ್ದು. ಜಿಪ್ಸಮ್ ಒಳಛಾವಣಿಯ ಚೌಕಟ್ಟಿಗೆ ಫ್ಯಾನನ್ನು ಕಟ್ಟುವುದು ಇನ್ನೂ ಅಪಾಯಕರ. ಫ್ಯಾನಿನ ರಾಡು ಒಳಛಾವಣಿಯನ್ನು ದಾಟಿ ಸ್ಲ್ಯಾಬಿಗೇ ತಲುಪಬೇಕು.

ಎರಡನೆಯದು ತೊಟ್ಟಿಲು ಮತ್ತು ಜೋಕಾಲಿ. ಪಂಚಮಿ ಹಬ್ಬಕ್ಕೆ ಮರಕ್ಕೆ ಕಟ್ಟುವ ಜೋಕಾಲಿಯನ್ನು ಮರವಿಲ್ಲದ ಓಣಿಗಳಲ್ಲಿ ಮನೆಯೊಳಗೆ ಕಟ್ಟುವುದುಂಟು. ಜೋಕಾಲಿ ಆಡುವಾಗ ಕೊಕ್ಕೆಯ ಮೇಲೆ ಬೀಳುವ ಭಾರವು ಕುಳಿತವರ ತೂಕದಷ್ಟೇ ಇರುವುದಿಲ್ಲ. ಹಗ್ಗವು ನೇರ ರೇಖೆಯಿಂದ 60 ಡಿಗ್ರಿಯಷ್ಟು ಓರೆಯಾಗುವವರೆಗೆ ತೂಗಿದಲ್ಲಿ, ಕೆಳಗೆ ಬರುವ ಕ್ಷಣದಲ್ಲಿ ಎಳೆತವು ತೂಕದ ಎರಡರಷ್ಟಾಗುತ್ತದೆ. ಅಂದರೆ 50 ಕಿ.ಗ್ರಾಂ. ತೂಕದ ವ್ಯಕ್ತಿಗೆ 100 ಕಿ.ಗ್ರಾಂ. ಎಳೆತ, ಅದೂ ಪ್ರತಿ ತೂಗಿಗೆ ಒಮ್ಮೆ. ತೊಟ್ಟಿಲಿನ ತೂಗು ಕಡಿಮೆ ಇದ್ದರೂ ಅದು ದಿನಕ್ಕೆ ನೂರಾರು ಬಾರಿ ನಡೆಯುತ್ತದೆ. ಇವುಗಳಿಗೆ ಹೂಳಿದ ಕೊಕ್ಕೆಯ ಹೊರತು ಬೇರೆ ಉಪಾಯವನ್ನು ಎಂಜಿನಿಯರರ ಸಲಹೆಯಿಲ್ಲದೆ ಮಾಡತಕ್ಕದ್ದಲ್ಲ.

ನೀರಿನ ಪೈಪು, ಹವಾನಿಯಂತ್ರಣ ಯಂತ್ರ, ಮಂಟಪಗಳ ಗಾಜಿನ ಗೊಂಚಲು ದೀಪ ಹಾಗೂ ಧ್ವನಿಪೆಟ್ಟಿಗೆಗಳಿಗೂ ಆ್ಯಂಕರ್ ಬೋಲ್ಟನ್ನೇ ಆಯ್ದುಕೊಳ್ಳತಕ್ಕದ್ದು. ರಂಧ್ರದಲ್ಲಿ ಅಂಟು ತುಂಬಿ ಕೂಡಿಸುವ ಬೋಲ್ಟುಗಳು ಗೋಡೆ ಮತ್ತು ನೆಲಕ್ಕೆ ಒಳ್ಳೆಯವಾದರೂ, ಸದಾ ಕೆಳಕ್ಕೆ ಎಳೆಯುವ ಭಾರಕ್ಕೆ ಎಲ್ಲ ಅಂಟುಗಳೂ ತಕ್ಕುದಲ್ಲ. 2006ರ ಜುಲೈನಲ್ಲಿ ಅಮೆರಿಕದ ಬಾಸ್ಟನ್ ನಗರದ ಸುರಂಗ ರಸ್ತೆಯಲ್ಲಿ ಛಾವಣಿಯ ಕಾಂಕ್ರೀಟ್ ಹಲಗೆಗಳು ಕಾರಿನ ಮೇಲೆ ಬಿದ್ದು ಮಹಿಳೆಯೊಬ್ಬರು ಮೃತಪಟ್ಟರು. ಬೋಲ್ಟುಗಳನ್ನು ಹಿಡಿದಿದ್ದ ಅಂಟು ದೀರ್ಘಕಾಲದ ಭಾರಕ್ಕೆ ನಿಧಾನವಾಗಿ ಜಾರಿದ್ದೇ ಕಾರಣವೆಂದು ತನಿಖೆಯಲ್ಲಿ ಕಂಡುಬಂದಿತು. ಹಾಕಿದ ದಿನ ಗಟ್ಟಿಯಾಗಿ ನಿಂತದ್ದು ಮುಂದೆಯೂ ನಿಲ್ಲುವುದೆಂದು ಛಾವಣಿಯ ವಿಷಯದಲ್ಲಿ ಭಾವಿಸಲಾಗದು.

ಛಾವಣಿಯ ಪರಿಶೀಲನೆ

ಮೊಳೆಯು ಕಾಂಕ್ರೀಟಿನೊಳಗೆ ಸಾಮಾನ್ಯವಾಗಿ 20ರಿಂದ 30 ಮಿ.ಮೀ. ಇಳಿಯುತ್ತದೆ. ಇಳಿಯುವ ಆಳದ ಕನಿಷ್ಠ ಮೂರರಷ್ಟು ದಪ್ಪ ಕಾಂಕ್ರೀಟಿಗೆ ಇರಬೇಕು. ಸಾಧಾರಣ ಮನೆಗಳ ಸ್ಲ್ಯಾಬು 100ರಿಂದ 125 ಮಿ.ಮೀ. ಇರುವುದರಿಂದ ಈ ನಿಯಮ ಪಾಲನೆಯಾಗುತ್ತದೆ. ಆದರೆ ಸಜ್ಜಾ, ಲಾಫ್ಟ್ ಮುಂತಾದ ತೆಳು ಚಪ್ಪಡಿಗಳಲ್ಲಿ ಅಳತೆ ನೋಡದೆ ಮುಂದುವರಿಯತಕ್ಕದ್ದಲ್ಲ. ಸ್ಲ್ಯಾಬಿನ ಅಂಚಿನಿಂದಲೂ, ಒಂದು ಮೊಳೆಯಿಂದ ಮತ್ತೊಂದಕ್ಕೂ ಕನಿಷ್ಠ 75 ಮಿ.ಮೀ. ಅಂತರವಿರಬೇಕು.

ಕಡಿಮೆ ವೆಚ್ಚದ ತಂತ್ರದಿಂದ ಕಟ್ಟಿದ ಕೆಲವು ಮನೆಗಳಲ್ಲಿ ಸ್ಲ್ಯಾಬಿನ ಕೆಳಭಾಗದಲ್ಲಿ ಹಂಚು ಅಥವಾ ಇಟ್ಟಿಗೆಗಳನ್ನು ಇಟ್ಟು ಕಾಂಕ್ರೀಟ್ ಹಾಕಿರುತ್ತಾರೆ. ಗಿಲಾವು ಆದ ಮೇಲೆ ಇದು ಕಣ್ಣಿಗೆ ಕಾಣದು. ಹಂಚಿಗೆ ಹೊಡೆದ ಮೊಳೆ ಹಂಚನ್ನು ಒಡೆಯುತ್ತದೆ. ಅಂತೆಯೇ ಕಲ್ಲು ಚಪ್ಪಡಿ, ಟೊಳ್ಳು ಇಟ್ಟಿಗೆ, ಬೀಡುಕಬ್ಬಿಣ ಹಾಗೂ ಮೆರುಗು ಹಂಚುಗಳಿಗೆ ಈ ಉಪಕರಣವನ್ನು ಬಳಸತಕ್ಕದ್ದಲ್ಲ. ಸಂಶಯವಿದ್ದಲ್ಲಿ ಸರಳ ಪರೀಕ್ಷೆಯೊಂದಿದೆ. ಕಣ್ಣಿಗೆ ಕನ್ನಡಕ ಧರಿಸಿ, ಅದೇ ಮೊಳೆಯ ತುದಿಯನ್ನು ಮೇಲ್ಮೈಗೆ ಇಟ್ಟು ಸುತ್ತಿಗೆಯಿಂದ ಒಂದು ಪೆಟ್ಟು ಕೊಡಬೇಕು. ಮೊಳೆಯ ತುದಿ ಮೊಂಡಾದರೆ ವಸ್ತು ಅತಿ ಗಟ್ಟಿ. ಮೇಲ್ಮೈ ಬಿರುಕು ಬಿಟ್ಟರೆ ಅಥವಾ ಚೂರಾದರೆ ಅತಿ ಪೆಡಸು. ಮೊಳೆ ಸಲೀಸಾಗಿ ಒಳಹೋದರೆ ಅತಿ ಮೆದು. ತುದಿ ಚೂಪಾಗಿಯೇ ಉಳಿದು ಸ್ಪಷ್ಟವಾದ ಚಿಕ್ಕ ಗುರುತು ಮೂಡಿದರೆ ಮಾತ್ರ ಮುಂದುವರಿಯಬಹುದು.

ಸ್ಲ್ಯಾಬು ಸೋರುತ್ತಿದ್ದು ಕೆಳಗೆ ತುಕ್ಕಿನ ಕಲೆ ಮೂಡಿದ್ದರೆ, ಬಡಿದಾಗ ಟೊಳ್ಳು ಸದ್ದು ಬಂದರೆ, ಒಳಗಿನ ಸರಳು ತುಕ್ಕು ಹಿಡಿದು ಉಬ್ಬಿ ಕಾಂಕ್ರೀಟನ್ನು ಕಳಚುತ್ತಿದೆ ಎಂದು ತಿಳಿಯಬೇಕು. ಅಲ್ಲಿಗೆ ಯಾವ ವಿಧದ ಮೊಳೆಯೂ ಸಲ್ಲದು. ಮೊದಲು ದುರಸ್ತಿ ಮಾಡಿಸತಕ್ಕದ್ದು. ಹೊಸ ಸ್ಲ್ಯಾಬಿಗೆ ಕನಿಷ್ಠ 28 ದಿನ ಕಾಯಬೇಕು.

ಅಡಗಿರುವ ವಿದ್ಯುತ್ ತಂತಿಗಳು

ನಮ್ಮ ಭಾಗದ ಮನೆಗಳಲ್ಲಿ ಫ್ಯಾನ್ ಪೆಟ್ಟಿಗೆಗೂ ದೀಪಗಳಿಗೂ ಹೋಗುವ ತಂತಿಗಳು ಸ್ಲ್ಯಾಬಿನೊಳಗೇ ಹೂಳಿದ ಪ್ಲಾಸ್ಟಿಕ್ ಪೈಪುಗಳಲ್ಲಿ ಸಾಗುತ್ತವೆ. ಮೊಳೆ ಈ ಪೈಪನ್ನು ಸುಲಭವಾಗಿ ಭೇದಿಸುತ್ತದೆ. ಆಗ ಉಪಕರಣ ಹಿಡಿದವನಿಗೆ ಆಘಾತ ತಗುಲಬಹುದು. ತಗುಲದಿದ್ದರೆ ಇನ್ನೂ ಕಷ್ಟ, ಏಕೆಂದರೆ ಮೊಳೆಗೆ ಕೂಡಿಸಿದ ಇಡೀ ಲೋಹದ ಚೌಕಟ್ಟಿಗೆ ವಿದ್ಯುತ್ ಹರಿದು, ತಿಂಗಳುಗಳ ನಂತರ ಬಲ್ಬು ಬದಲಿಸಲು ಬಂದವರಿಗೆ ತಗುಲುತ್ತದೆ. ಫ್ಯಾನ್ ಪೆಟ್ಟಿಗೆಯಿಂದ ಸ್ವಿಚ್ ಬೋರ್ಡಿನ ಗೋಡೆಯವರೆಗಿನ ಹಾದಿಯನ್ನು ಬಿಟ್ಟು ಹೊಡೆಯುವುದು ಒಂದು ಮುನ್ನೆಚ್ಚರಿಕೆ. ಆದರೆ ಪೈಪುಗಳು ನೇರವಾಗಿಯೇ ಹೋಗಿರುತ್ತವೆ ಎಂಬ ಖಾತ್ರಿ ಇಲ್ಲ. ಸ್ಲ್ಯಾಬ್ ಹಾಕುವ ಹಿಂದಿನ ದಿನ ಸರಳು ಮತ್ತು ಪೈಪುಗಳ ಛಾಯಾಚಿತ್ರ ತೆಗೆದು ಮನೆಯ ಕಾಗದಪತ್ರಗಳೊಂದಿಗೆ ಇಟ್ಟುಕೊಂಡವರಿಗೆ ಈ ತೊಂದರೆ ಬಹುಮಟ್ಟಿಗೆ ಇರುವುದಿಲ್ಲ.

ಕೆಲಸಕ್ಕೆ ಮುನ್ನ ಮೇನ್ ಸ್ವಿಚ್ ಆರಿಸತಕ್ಕದ್ದು. ಮನೆಯಲ್ಲಿ ಇನ್ವರ್ಟರ್ ಇದ್ದಲ್ಲಿ ಅದನ್ನೂ ಪ್ರತ್ಯೇಕವಾಗಿ ಆರಿಸತಕ್ಕದ್ದು. ಮೇನ್ ಆರಿಸಿದ ಕೂಡಲೇ ಇನ್ವರ್ಟರ್ ಅದೇ ದೀಪ ಹಾಗೂ ಫ್ಯಾನುಗಳ ತಂತಿಗೆ ವಿದ್ಯುತ್ ಕೊಡಲಾರಂಭಿಸುತ್ತದೆ ಎಂಬುದನ್ನು ಹಲವರು ಮರೆಯುತ್ತಾರೆ.

ಭಾರದ ಲೆಕ್ಕ

ಉದಾಹರಣೆಗೆ, 3 ಮೀ. ಅಗಲ ಹಾಗೂ 4 ಮೀ. ಉದ್ದದ ಅಂಗಡಿಗೆ ಒಳಛಾವಣಿ ಹಾಕಬೇಕಿದೆ ಎಂದುಕೊಳ್ಳಬಹುದು. ಹಲಗೆ ಮತ್ತು ಚೌಕಟ್ಟು ಸೇರಿ ಚದರ ಮೀಟರಿಗೆ 12 ಕಿ.ಗ್ರಾಂ. ಎಂದು ಹಿಡಿದಲ್ಲಿ ಒಟ್ಟು ತೂಕ 144 ಕಿ.ಗ್ರಾಂ. ತೂಗುಪಟ್ಟಿಗಳನ್ನು ಎರಡೂ ದಿಕ್ಕಿಗೆ 1.2 ಮೀ. ಅಂತರದಲ್ಲಿ ಇಟ್ಟರೆ ಒಂದೊಂದು ಮೊಳೆಯ ಪಾಲಿಗೆ 1.44 ಚದರ ಮೀಟರ್, ಅಂದರೆ ಸುಮಾರು 17 ಕಿ.ಗ್ರಾಂ. ಬರುತ್ತದೆ. ಸಾಲಿನಲ್ಲಿ ಒಂದು ಮೊಳೆ ಕಿತ್ತುಬಂದರೆ ಅದರ ಭಾರ ಎರಡು ಪಕ್ಕಗಳಿಗೆ ಹಂಚಿಹೋಗಿ ಅವುಗಳ ಪಾಲು ಸುಮಾರು 26 ಕಿ.ಗ್ರಾಂ. ಆಗುತ್ತದೆ. ತಯಾರಕರ ಕೋಷ್ಟಕದಲ್ಲಿ ಆ ಮೊಳೆಗೆ ಛಾವಣಿಯಲ್ಲಿ ಅನುಮತಿಸಿದ ಭಾರ 30 ಕಿ.ಗ್ರಾಂ. ಎಂದಿದ್ದರೆ ಈ ವ್ಯವಸ್ಥೆ ನಿಲ್ಲುತ್ತದೆ, 20 ಎಂದಿದ್ದರೆ ನಿಲ್ಲುವುದಿಲ್ಲ. ತೂಗುಪಟ್ಟಿಗಳನ್ನು ಹತ್ತಿರ ಮಾಡಬೇಕು. ಕೋಷ್ಟಕವನ್ನು ಓದುವಾಗ ಗೋಡೆಗೆ ಹೊಡೆದಾಗಿನ ಅಂಕಿಯನ್ನಲ್ಲ, ನೇರ ಎಳೆತದ ಅಂಕಿಯನ್ನೇ ನೋಡತಕ್ಕದ್ದು. ಎರಡನೆಯದು ಕಡಿಮೆ ಇರುತ್ತದೆ.

ಮೊಳೆ ಮತ್ತು ಕಾಡತೂಸಿನ ಆಯ್ಕೆ

ಮೊಳೆಯ ಉದ್ದಕ್ಕೆ ಗಿಲಾವನ್ನೂ ಲೆಕ್ಕ ಹಿಡಿಯಬೇಕು. ಕಾಂಕ್ರೀಟಿನೊಳಗೆ 25 ಮಿ.ಮೀ., ಗಿಲಾವು 10 ಮಿ.ಮೀ., ಪಟ್ಟಿ 2 ಮಿ.ಮೀ. ಎಂದಾದರೆ 37 ಮಿ.ಮೀ. ಮೊಳೆ ಬೇಕಾಗುತ್ತದೆ. ಗಿಲಾವನ್ನು ಮರೆತು 27 ಮಿ.ಮೀ. ಮೊಳೆ ಹೊಡೆದಲ್ಲಿ ಅದರ 10 ಮಿ.ಮೀ. ಗಿಲಾವಿನಲ್ಲೇ ನಿಂತು ಕಾಂಕ್ರೀಟಿನೊಳಗೆ 15 ಮಿ.ಮೀ. ಮಾತ್ರ ಇಳಿದಿರುತ್ತದೆ, ಗಿಲಾವು ಕಳಚಿದ ದಿನ ಅದೂ ಕಳಚಬಹುದು. ಸಾಧ್ಯವಿದ್ದಲ್ಲಿ ಮೊಳೆಯ ಜಾಗದಲ್ಲಿ ಗಿಲಾವನ್ನು ತೆಗೆದು ಹೊಡೆಯುವುದು ಉತ್ತಮ.

ಕಾಡತೂಸಿನ ಬಲವನ್ನು ಬಣ್ಣದಿಂದ ಗುರುತಿಸಲಾಗುತ್ತದೆ. ಹಸಿರು ಕಡಿಮೆ, ಹಳದಿ ಮಧ್ಯಮ, ಕೆಂಪು ಅಧಿಕ ಎಂಬುದು ಸಾಮಾನ್ಯ ಕ್ರಮವಾದರೂ ಆಯಾ ಉಪಕರಣದ ಪುಸ್ತಿಕೆಯನ್ನೇ ಪ್ರಮಾಣವಾಗಿ ಹಿಡಿಯತಕ್ಕದ್ದು. ಮೊದಲು ಅತ್ಯಂತ ಕಡಿಮೆ ಬಲದ ಕಾಡತೂಸಿನಿಂದ ಪ್ರಯೋಗ ಮಾಡಿ, ಮೊಳೆ ಪೂರ್ತಿ ಇಳಿಯದಿದ್ದಲ್ಲಿ ಮಾತ್ರ ಒಂದು ಮೆಟ್ಟಿಲು ಏರಬೇಕು. ಬಲ ಹೆಚ್ಚಾದರೆ ಕಾಂಕ್ರೀಟು ಸಿಡಿದು ಮೊಳೆಯ ಸುತ್ತ ಹಿಡಿತವೇ ಇಲ್ಲವಾಗುತ್ತದೆ. ಸ್ಲ್ಯಾಬಿನ ಕೆಳಗಿನ ಸರಳಿಗೆ ಇರುವ ಕಾಂಕ್ರೀಟ್ ಹೊದಿಕೆ 20 ಮಿ.ಮೀ. ಆಸುಪಾಸು ಮಾತ್ರವಾದುದರಿಂದ 25 ಮಿ.ಮೀ. ಇಳಿಯುವ ಮೊಳೆ ಸರಳಿಗೆ ತಗುಲುವುದುಂಟು. ತಗುಲಿ ಬಾಗಿದಲ್ಲಿ ಅದೇ ಜಾಗಕ್ಕೆ ಮತ್ತೆ ಹೊಡೆಯದೆ 75 ಮಿ.ಮೀ. ದೂರ ಸರಿಯಬೇಕು. ಮೊದಲ ಐದಾರು ಮೊಳೆಗಳನ್ನು ಎಳೆದು ಪರೀಕ್ಷಿಸಿದ ನಂತರವೇ ಉಳಿದವುಗಳನ್ನು ಹೊಡೆಯತಕ್ಕದ್ದು.

ಕೆಲಸದ ವೇಳೆಯ ಮುನ್ನೆಚ್ಚರಿಕೆ

ತಲೆಯ ಮೇಲೆ ಹೊಡೆಯುವಾಗ ಚೂರುಗಳು ನೇರ ಕಣ್ಣಿಗೇ ಬೀಳುತ್ತವೆ. ಕಣ್ಣಿಗೆ ಪೂರ್ಣ ಮುಚ್ಚುವ ಕನ್ನಡಕ, ಕಿವಿಗೆ ರಕ್ಷಣೆ ಹಾಗೂ ತಲೆಗೆ ಹೆಲ್ಮೆಟ್ ಕಡ್ಡಾಯವೆಂದು ತಿಳಿಯತಕ್ಕದ್ದು. ಉಪಕರಣದ ಮರುಹೊಡೆತಕ್ಕೆ ಏಣಿಯ ಮೇಲೆ ಸಮತೋಲನ ತಪ್ಪುವುದರಿಂದ ಗಟ್ಟಿ ಹಲಗೆಯ ಅಟ್ಟಣಿಗೆ ಕಟ್ಟುವುದು ಸೂಕ್ತ. ಮೇಲಿನ ಮಹಡಿ ಅಥವಾ ಮಾಳಿಗೆಯ ಮೇಲೆ, ಹೊಡೆಯುವ ಜಾಗದ ನೇರದಲ್ಲಿ ಯಾರೂ ಇರಕೂಡದು. ಅನಿಲ ಸಿಲಿಂಡರ್, ಬಣ್ಣ, ತಿನ್ನರ್ ಇರುವ ಕೋಣೆಯಲ್ಲಿ ಬಳಸಕೂಡದು.

ಗುಂಡಿ ಎಳೆದರೂ ಕಾಡತೂಸು ಸಿಡಿಯದಿದ್ದಲ್ಲಿ ಉಪಕರಣವನ್ನು ಕೆಳಗಿಳಿಸಬಾರದು. ಒತ್ತಿ ಹಿಡಿದಂತೆಯೇ ಕನಿಷ್ಠ 30 ಸೆಕೆಂಡು ಕಾಯಬೇಕು, ಏಕೆಂದರೆ ಮದ್ದು ತಡವಾಗಿ ಉರಿಯಬಹುದು. ಮತ್ತೊಮ್ಮೆ ಪ್ರಯತ್ನಿಸಿ ಫಲಿಸದಿದ್ದಲ್ಲಿ ಪುನಃ 30 ಸೆಕೆಂಡು ಕಾದು, ಕಾಡತೂಸನ್ನು ಎಚ್ಚರದಿಂದ ತೆಗೆದು ನೀರಿನಲ್ಲಿ ಹಾಕತಕ್ಕದ್ದು. ಚೂಪು ವಸ್ತುವಿನಿಂದ ಕೆದಕಿ ತೆಗೆಯಕೂಡದು.

ಕಾಡತೂಸುಗಳು 1884ರ ಸ್ಫೋಟಕ ಅಧಿನಿಯಮದ ವ್ಯಾಖ್ಯೆಯಲ್ಲಿ ಬರುವ ವಸ್ತುಗಳು. ಉಳಿದವುಗಳನ್ನು ಮನೆಯ ಮಾಲೀಕರು ತಮ್ಮಲ್ಲಿ ಇಟ್ಟುಕೊಳ್ಳದೆ ಎಣಿಸಿ ಗುತ್ತಿಗೆದಾರರಿಗೇ ಹಿಂತಿರುಗಿಸತಕ್ಕದ್ದು. ಕೆಲಸ ಮುಗಿದ ಮೇಲೆ ನೆಲದಲ್ಲಿ ಬಿದ್ದ ಬಳಸದ ಕಾಡತೂಸುಗಳು ಮಕ್ಕಳ ಕೈಗೆ ಸಿಗದಂತೆ ಹುಡುಕಿ ತೆಗೆಸಬೇಕು.

ಅರ್ಜಿದಾರರ ಗಮನಕ್ಕೆ

ಹೊಸ ಮನೆಯ ಪರವಾನಗಿಗೆ ಪುರಸಭೆ, ಪಟ್ಟಣ ಪಂಚಾಯಿತಿ ಅಥವಾ ಗ್ರಾಮ ಪಂಚಾಯಿತಿಗೆ ಅರ್ಜಿ ಸಲ್ಲಿಸುವವರು ನಕ್ಷೆ ತಯಾರಿಸುವ ಹಂತದಲ್ಲಿಯೇ ಫ್ಯಾನ್, ತೊಟ್ಟಿಲು ಹಾಗೂ ಜೋಕಾಲಿಯ ಕೊಕ್ಕೆಗಳ ಸ್ಥಾನವನ್ನು ಎಂಜಿನಿಯರರಿಂದ ಗುರುತು ಮಾಡಿಸಿಕೊಳ್ಳುವುದು. ಆ ಹಂತದಲ್ಲಿ ಒಂದು ಕೊಕ್ಕೆಗೆ ತಗಲುವುದು ಒಂದು ತುಂಡು ಸರಳು ಮಾತ್ರ. ವಿದ್ಯುತ್ ಸಂಪರ್ಕಕ್ಕೆ ಹೆಸ್ಕಾಂಗೆ ಅರ್ಜಿ ಸಲ್ಲಿಸುವವರು ಒಳ ತಂತಿ ಕೆಲಸವನ್ನು ಪರವಾನಗಿ ಹೊಂದಿದ ವಿದ್ಯುತ್ ಗುತ್ತಿಗೆದಾರರಿಂದಲೇ ಮಾಡಿಸಿ, ಪೈಪುಗಳು ಸಾಗಿದ ಹಾದಿಯ ಗುರುತನ್ನು ಅವರಿಂದ ಪಡೆದಿಟ್ಟುಕೊಳ್ಳುವುದು. ಅಂಗಡಿಯನ್ನು ಬಾಡಿಗೆಗೆ ಪಡೆದವರು ಮೊಳೆ ಹೊಡೆಯುವ ಮೊದಲು ಕಟ್ಟಡದ ಮಾಲೀಕರ ಲಿಖಿತ ಒಪ್ಪಿಗೆ ಪಡೆಯುವುದು.

ಹಿಂದಿನ 12 ತಿಂಗಳಲ್ಲಿ ಕನಿಷ್ಠ 90 ದಿನ ಕಟ್ಟಡ ಕೆಲಸ ಮಾಡಿದ, 18 ವರ್ಷ ತುಂಬಿದ ಹಾಗೂ 60 ವರ್ಷ ಮೀರದ ಗೌಂಡಿಗಳು, ವಿದ್ಯುತ್ ಕೆಲಸಗಾರರು ಮತ್ತು ಒಳಛಾವಣಿ ಕೆಲಸಗಾರರು ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಣಿಗೆ ಅರ್ಜಿ ಸಲ್ಲಿಸಬಹುದಾಗಿದೆ. ಕೆಲಸದ ವೇಳೆ ಗಾಯವಾದಲ್ಲಿ 108ಕ್ಕೆ ಕರೆ ಮಾಡುವುದು. ಕಣ್ಣಿಗೆ ಚೂರು ಹೊಕ್ಕಿದ್ದರೆ ಉಜ್ಜದೆ, ತೆಗೆಯಲು ಯತ್ನಿಸದೆ ಆಸ್ಪತ್ರೆಗೆ ಕರೆದೊಯ್ಯುವುದು. ಮೊಳೆ ಹೊಡೆದ ನಂತರ ಗೋಡೆ, ಛಾವಣಿ ಅಥವಾ ಲೋಹದ ಚೌಕಟ್ಟಿನಲ್ಲಿ ವಿದ್ಯುತ್ ತಗುಲಿದ ಅನುಭವವಾದಲ್ಲಿ ಮೇನ್ ಸ್ವಿಚ್ ಹಾಗೂ ಇನ್ವರ್ಟರ್ ಎರಡನ್ನೂ ಆರಿಸಿ, ಪರವಾನಗಿ ಹೊಂದಿದ ಗುತ್ತಿಗೆದಾರರು ಪರೀಕ್ಷಿಸುವವರೆಗೆ ಪುನಃ ಚಾಲನೆ ಮಾಡತಕ್ಕದ್ದಲ್ಲ. ಸರಬರಾಜು ತಂತಿಗೆ ಸಂಬಂಧಿಸಿದ ದೂರುಗಳನ್ನು ಹೆಸ್ಕಾಂನ 1912 ಸಂಖ್ಯೆಗೆ ತಿಳಿಸುವುದು.