ವ್ಯಾಯಾಮ ಬಿಟ್ಟಿಲ್ಲ, ತೂಕ ಇಳಿಯುತ್ತಿಲ್ಲ: ಮುಳ್ಳು ನಿಂತಿದ್ದೇಕೆ?

ಬೆಳಿಗ್ಗೆ ಆರು ಗಂಟೆಗೆ ಬನಶಂಕರಿಯ ಯಾವ ಪಾರ್ಕಿಗೆ ಹೋದರೂ ವಾಕಿಂಗ್ ಮಾಡುವವರ ಸಾಲು ಕಾಣುತ್ತದೆ. ಯಡಿಯೂರು ಕೆರೆಯ ಸುತ್ತಲೂ ಅದೇ ನೋಟ. ಇವರಲ್ಲಿ ಹಲವರದು ಒಂದೇ ದೂರು: "ಮೊದಲ ಕೆಲವು ತಿಂಗಳು ತೂಕ ಚೆನ್ನಾಗಿ ಇಳಿಯಿತು. ಈಗ ಎಷ್ಟು ನಡೆದರೂ ಮುಳ್ಳು ಅಲ್ಲಾಡುತ್ತಿಲ್ಲ."

ಹೀಗಾದಾಗ ಕೆಲವರು ಬೇಸರಗೊಂಡು ನಡಿಗೆಯನ್ನೇ ಬಿಡುತ್ತಾರೆ. ಕೆಲವರು ರಾತ್ರಿಯೂಟ ಬಿಡುತ್ತಾರೆ. ಇನ್ನು ಕೆಲವರು ತೂಕ ಇಳಿಸುವ ಪುಡಿಗೆ ದುಡ್ಡು ಸುರಿಯುತ್ತಾರೆ. ದೇಹದಲ್ಲಿ ಏನು ನಡೆಯುತ್ತಿದೆ ಎಂದು ತಿಳಿದರೆ ಈ ಮೂರೂ ಬೇಕಾಗುವುದಿಲ್ಲ.

ಮೊದಲು ಇಳಿದದ್ದು ಬರೀ ಕೊಬ್ಬಲ್ಲ

ನಮ್ಮ ಯಕೃತ್ತು ಮತ್ತು ಸ್ನಾಯುಗಳಲ್ಲಿ ಗ್ಲೈಕೋಜೆನ್ ಎಂಬ ಸಕ್ಕರೆಯ ದಾಸ್ತಾನು ಇರುತ್ತದೆ. ಅದರ ಪ್ರತಿ ಗ್ರಾಮಿನ ಜೊತೆ ಸುಮಾರು ಮೂರು ಗ್ರಾಮ್ ನೀರೂ ಸೇರಿರುತ್ತದೆ. ಊಟ ಕಡಿಮೆ ಮಾಡಿದ ಮೊದಲ ವಾರಗಳಲ್ಲಿ ಈ ದಾಸ್ತಾನು ಕರಗಿ, ನೀರೂ ಹೊರಹೋಗುತ್ತದೆ. ಆಗ ತೂಕ ಸರಸರನೆ ಇಳಿದಂತೆ ಕಾಣುತ್ತದೆ. ಆ ವೇಗ ಮುಂದುವರಿಯುವುದಿಲ್ಲ.

ಉಪ್ಪು ಹೆಚ್ಚಾದ ಊಟ, ಮುಟ್ಟಿನ ದಿನಗಳು, ಹೊಸ ವ್ಯಾಯಾಮದಿಂದ ಬಂದ ಸ್ನಾಯುನೋವು ಇವೆಲ್ಲ ದೇಹದಲ್ಲಿ ನೀರನ್ನು ಹಿಡಿದಿಡುತ್ತವೆ. ಆದ್ದರಿಂದ ಒಂದೆರಡು ವಾರ ಮುಳ್ಳು ನಿಂತರೆ ಗಾಬರಿ ಬೇಡ. ನಾಲ್ಕು ವಾರ ಕಳೆದರೂ ತೂಕವಾಗಲಿ ಸೊಂಟದ ಸುತ್ತಳತೆಯಾಗಲಿ ಬದಲಾಗದಿದ್ದರೆ ಮಾತ್ರ ಕಾರಣ ಹುಡುಕಬೇಕು.

ಹಗುರಾದ ದೇಹಕ್ಕೆ ಕಡಿಮೆ ಇಂಧನ ಸಾಕು

80 ಕೆ.ಜಿ. ತೂಕದವರು 4 ಕಿ.ಮೀ. ನಡೆದರೆ, ಸುಮ್ಮನೆ ಕೂತಿದ್ದಕ್ಕಿಂತ ಸುಮಾರು 160 ಕ್ಯಾಲರಿ ಹೆಚ್ಚು ಖರ್ಚಾಗುತ್ತದೆ. ಅವರೇ 72 ಕೆ.ಜಿ.ಗೆ ಇಳಿದ ಮೇಲೆ ಅದೇ ದಾರಿಗೆ ಖರ್ಚಾಗುವುದು ಸುಮಾರು 145 ಮಾತ್ರ. ನಡೆಯುವಾಗಷ್ಟೇ ಅಲ್ಲ, ಮಲಗಿದ್ದಾಗಲೂ ಚಿಕ್ಕ ದೇಹದ ಖರ್ಚು ಕಡಿಮೆ.

"ದಿನಕ್ಕೆ 500 ಕ್ಯಾಲರಿ ಕಡಿಮೆ ತಿಂದರೆ ವಾರಕ್ಕೆ ಅರ್ಧ ಕೆ.ಜಿ. ಇಳಿಯುತ್ತಲೇ ಇರುತ್ತದೆ" ಎಂಬ ಜನಪ್ರಿಯ ಲೆಕ್ಕ ತಪ್ಪುವುದು ಇಲ್ಲೇ. ಅಮೆರಿಕದ ವಿಜ್ಞಾನಿ ಕೆವಿನ್ ಹಾಲ್ ಮತ್ತು ಸಂಗಡಿಗರು 2011ರಲ್ಲಿ ಪ್ರಕಟಿಸಿದ ಲೆಕ್ಕ ಹೀಗಿದೆ: ದಿನಕ್ಕೆ 24 ಕ್ಯಾಲರಿ ಶಾಶ್ವತವಾಗಿ ಕಡಿಮೆ ಮಾಡಿದರೆ ಕೊನೆಗೆ ಇಳಿಯುವುದು ಸುಮಾರು ಒಂದು ಕೆ.ಜಿ. ಅದರಲ್ಲಿ ಅರ್ಧ ಇಳಿಯಲು ಒಂದು ವರ್ಷ, ಬಹುಪಾಲು ಪೂರ್ತಿಯಾಗಲು ಮೂರು ವರ್ಷ ಬೇಕು. ಅಂದರೆ ದಿನಕ್ಕೆ 240 ಕ್ಯಾಲರಿ ಕಡಿಮೆ ಮಾಡಿದವರ ತೂಕ ಹತ್ತು ಕೆ.ಜಿ. ಇಳಿದ ಮೇಲೆ ನಿಲ್ಲುತ್ತದೆ. ಹೊಸ ತೂಕಕ್ಕೂ ಹೊಸ ಊಟಕ್ಕೂ ಲೆಕ್ಕ ಸರಿಹೋಯಿತು, ಅಷ್ಟೇ.

ಇದರ ಜೊತೆಗೆ ದೇಹ ತಾನಾಗಿಯೇ ಒಂದಿಷ್ಟು ಉಳಿತಾಯವನ್ನೂ ಮಾಡುತ್ತದೆ. ಬೆಳಿಗ್ಗೆ ಒಂದು ಗಂಟೆ ನಡೆದವರು ಉಳಿದ ದಿನವೆಲ್ಲ ಕೂತೇ ಕಳೆದರೆ, ಮೆಟ್ಟಿಲು ಬಿಟ್ಟು ಲಿಫ್ಟ್ ಹತ್ತಿದರೆ, ನಡಿಗೆಯ ಲಾಭದಲ್ಲಿ ಒಂದು ಪಾಲು ಅಲ್ಲೇ ಕರಗುತ್ತದೆ.

ಹಸಿವು ಸದ್ದಿಲ್ಲದೆ ಹೆಚ್ಚುತ್ತದೆ

ತೂಕ ಇಳಿದಾಗ ಖರ್ಚು ಕಡಿಮೆಯಾಗುವುದಕ್ಕಿಂತ ದೊಡ್ಡ ಸಂಗತಿ ಹಸಿವು. ಹಾಲ್ ಅವರ ತಂಡ 2016ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಇಳಿದ ಪ್ರತಿ ಕೆ.ಜಿ.ಗೆ ದೇಹದ ಖರ್ಚು ದಿನಕ್ಕೆ 20ರಿಂದ 30 ಕ್ಯಾಲರಿ ಕಡಿಮೆಯಾಗುತ್ತದೆ. ತಿನ್ನಬೇಕೆನ್ನುವ ಒತ್ತಡ ಮಾತ್ರ ದಿನಕ್ಕೆ ಸುಮಾರು 100 ಕ್ಯಾಲರಿಯಷ್ಟು ಹೆಚ್ಚುತ್ತದೆ. ಇನ್ನೊಂದು ಚಪಾತಿ, ಇನ್ನೊಂದು ಸೌಟು ಅನ್ನ ಬೇಕೆನಿಸುವುದು ಮನಸ್ಸಿನ ದೌರ್ಬಲ್ಯದಿಂದಲ್ಲ. ಅದು ಹಾರ್ಮೋನುಗಳ ಕೆಲಸ.

ಈ ಹೆಚ್ಚುವರಿ ತುತ್ತು ನಮ್ಮ ಗಮನಕ್ಕೇ ಬರುವುದಿಲ್ಲ. 1992ರಲ್ಲಿ ನ್ಯೂಯಾರ್ಕಿನ ಸಂಶೋಧಕರು "ಎಷ್ಟು ಕಡಿಮೆ ತಿಂದರೂ ತೂಕ ಇಳಿಯುವುದಿಲ್ಲ" ಎನ್ನುತ್ತಿದ್ದ ಹತ್ತು ಜನರನ್ನು ಪರೀಕ್ಷಿಸಿದರು. ಅವರ ದೇಹದ ಶಕ್ತಿಯ ಬಳಕೆ ಸಹಜವಾಗಿಯೇ ಇತ್ತು. ಆದರೆ ತಿಂದದ್ದರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಅವರ ಲೆಕ್ಕಕ್ಕೇ ಬಂದಿರಲಿಲ್ಲ. ಮಾಡಿದ ವ್ಯಾಯಾಮವನ್ನು ಅವರು ಒಂದೂವರೆ ಪಟ್ಟು ಎಂದು ಅಂದಾಜಿಸಿದ್ದರು.

ನಡಿಗೆ ಮುಗಿದ ಮೇಲೆ

ನಮ್ಮೂರಿನ ಲೆಕ್ಕವನ್ನೇ ನೋಡೋಣ. ಒಂದು ಟೀ ಚಮಚ ಎಣ್ಣೆಯಲ್ಲಿ ಸುಮಾರು 40 ಕ್ಯಾಲರಿ ಇರುತ್ತದೆ. ಅಂದರೆ ನಾಲ್ಕು ಕಿಲೋಮೀಟರ್ ನಡಿಗೆಯಲ್ಲಿ ಕರಗಿದ್ದು ನಾಲ್ಕು ಚಮಚ ಎಣ್ಣೆಗೆ ಸಮ. ವಾಕಿಂಗ್ ಮುಗಿಸಿ ಗೆಳೆಯರ ಜೊತೆ ದರ್ಶಿನಿಯಲ್ಲಿ ಒಂದು ಉದ್ದಿನ ವಡೆ ತಿಂದರೆ ಅದರಲ್ಲಿ ಬಹುಪಾಲು ವಾಪಸ್ ಬಂದಂತೆಯೇ. ದಿನಕ್ಕೆ ಮೂರು ಕಾಫಿ, ಪ್ರತಿ ಲೋಟಕ್ಕೆ ಎರಡು ಚಮಚ ಸಕ್ಕರೆ ಎಂದರೆ ಸಕ್ಕರೆಯಿಂದಲೇ ಸುಮಾರು 120 ಕ್ಯಾಲರಿ. ಹಾಲಿನ ಲೆಕ್ಕ ಬೇರೆ. ಬಿಸಿನೀರಿಗೆ ನಿಂಬೆ, ಜೇನು ಬೆರೆಸಿ ಕುಡಿದರೆ ಕೊಬ್ಬು ಕರಗುತ್ತದೆ ಎಂಬ ನಂಬಿಕೆಯೂ ಇದೆ. ಕೊಬ್ಬು ಕರಗಿಸುವ ಗುಣ ಜೇನಿಗಿಲ್ಲ. ಒಂದು ದೊಡ್ಡ ಚಮಚದಲ್ಲಿ ಅದು ಸುಮಾರು 60 ಕ್ಯಾಲರಿ ಸೇರಿಸುತ್ತದೆ.

ಹಾಗಂತ ವಡೆ, ಕಾಫಿ ಬಿಡಲೇಬೇಕೆಂದಿಲ್ಲ. ನಡಿಗೆಯನ್ನು ದುಪ್ಪಟ್ಟು ಮಾಡುವುದಕ್ಕಿಂತ ತಟ್ಟೆಯನ್ನು ಸ್ವಲ್ಪ ಬದಲಿಸುವುದು ಸುಲಭ ಎಂಬುದಷ್ಟೇ ಈ ಲೆಕ್ಕದ ಅರ್ಥ.

ಮುಳ್ಳು ಅಲ್ಲಾಡಬೇಕಾದರೆ

1. ಒಂದು ವಾರ ತಿಂದದ್ದು, ಕುಡಿದದ್ದು ಎಲ್ಲವನ್ನೂ ಆಗಿಂದಾಗಲೇ ಬರೆದಿಡಿ. ಮೊಬೈಲಿನಲ್ಲಿ ಫೋಟೊ ತೆಗೆದರೂ ಸಾಕು.

2. ಎಣ್ಣೆಯನ್ನು ಡಬ್ಬದಿಂದ ನೇರವಾಗಿ ಸುರಿಯದೆ ಚಮಚದಲ್ಲಿ ಅಳೆದು ಹಾಕಿ. ತಿಂಗಳಿಗೆ ಮನೆಗೆ ಎಷ್ಟು ಲೀಟರ್ ಬರುತ್ತದೆ ಎಂದು ನೋಡಿ, ತಲೆಗೆ ಎಷ್ಟಾಯಿತೆಂದು ಲೆಕ್ಕ ಹಾಕಿ.

3. ತಟ್ಟೆಯಲ್ಲಿ ಅನ್ನ ಕಡಿಮೆ, ಬೇಳೆಕಾಳು ಹೆಚ್ಚು ಇರಲಿ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರ ಮಾರ್ಗಸೂಚಿಯಲ್ಲಿ, ಧಾನ್ಯಗಳಿಂದ ಬರುವ ಶಕ್ತಿ ಒಟ್ಟಿನಲ್ಲಿ ಶೇ. 45ರಷ್ಟು ಸಾಕು ಎಂದಿದೆ. ನಮ್ಮಲ್ಲಿ ಅದು ಶೇ. 50ರಿಂದ 70ರವರೆಗೆ ಇದೆ. ಅನ್ನದ ಬದಲು ರಾಗಿಮುದ್ದೆ ಉಂಡರೂ ಮುದ್ದೆಯ ಗಾತ್ರ ನೋಡಬೇಕು. ರಾಗಿಯೂ ಧಾನ್ಯವೇ. ಮೊಳಕೆಕಾಳಿನ ಉಸಲಿ, ಗಟ್ಟಿ ಬೇಳೆಯ ಹುಳಿ, ಮೊಸರು, ತಿನ್ನುವವರಿಗೆ ಮೊಟ್ಟೆ, ಮೀನು ಇವು ಹೊಟ್ಟೆಯನ್ನು ಹೆಚ್ಚು ಹೊತ್ತು ತುಂಬಿದಂತೆ ಇಡುತ್ತವೆ.

4. ನಡಿಗೆಯ ಜೊತೆ ಸ್ನಾಯುಗಳಿಗೂ ಕೆಲಸ ಕೊಡಿ. ತೂಕ ಇಳಿಯುವಾಗ ಕೊಬ್ಬಿನೊಂದಿಗೆ ಸ್ನಾಯುವೂ ಕರಗುತ್ತದೆ. ವಾರಕ್ಕೆ ಎರಡು ದಿನವಾದರೂ ಸ್ನಾಯು ಬಲಪಡಿಸುವ ವ್ಯಾಯಾಮ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಜಿಮ್ ಇಲ್ಲದಿದ್ದರೆ ಬಸ್ಕಿ, ಗೋಡೆಗೆ ಕೈಕೊಟ್ಟು ಮಾಡುವ ದಂಡ, ನೀರು ತುಂಬಿದ ಬಾಟಲಿ ಎತ್ತುವುದು ಇವೂ ಆಗುತ್ತವೆ.

5. ನಿದ್ದೆ ಕಡಿಮೆ ಮಾಡಿ ವಾಕಿಂಗಿಗೆ ಏಳಬೇಡಿ. ನಿದ್ದೆಗೆಟ್ಟ ಮರುದಿನ ಹಸಿವು ಹೆಚ್ಚು.

ಬೆವರು ಬರಿಸುವ ಬೆಲ್ಟಿನಿಂದ ಹೋಗುವುದು ನೀರು. ಎರಡು ಲೋಟ ನೀರು ಕುಡಿದರೆ ಅದು ಮರಳಿ ಬರುತ್ತದೆ.

ವೈದ್ಯರನ್ನು ಕಾಣಬೇಕಾದದ್ದು ಯಾವಾಗ?

ಇಷ್ಟಾದರೂ ತೂಕ ಏರುತ್ತಲೇ ಇದ್ದರೆ, ಸುಸ್ತು, ಮುಟ್ಟಿನ ಏರುಪೇರು, ಜೋರಾದ ಗೊರಕೆ ಇದ್ದರೆ ವೈದ್ಯರನ್ನು ಕಾಣಿ. ಥೈರಾಯ್ಡ್ ಕೊರತೆ, ಪಿಸಿಓಎಸ್ ಕಾರಣವಿರಬಹುದು. ಸ್ಟಿರಾಯ್ಡ್, ಇನ್ಸುಲಿನ್, ಖಿನ್ನತೆಯ ಕೆಲವು ಔಷಧಿಗಳಿಂದಲೂ ತೂಕ ಹೆಚ್ಚಬಹುದು. ಅವನ್ನು ನೀವಾಗಿಯೇ ನಿಲ್ಲಿಸಬೇಡಿ. ಇನ್ಸುಲಿನ್ ಅಥವಾ ಕೆಲವು ಬಗೆಯ ಸಕ್ಕರೆ ಕಾಯಿಲೆ ಮಾತ್ರೆ ತೆಗೆದುಕೊಳ್ಳುವವರು ಊಟ ಬಿಟ್ಟರೆ ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯಬಹುದು.

ಮುಳ್ಳು ನಿಂತರೂ ಲಾಭ ನಿಲ್ಲುವುದಿಲ್ಲ

ಚೆನ್ನೈನಲ್ಲಿ ಡಾ. ಎ. ರಾಮಚಂದ್ರನ್ ಅವರ ತಂಡ ನಡೆಸಿ 2006ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ತೂಕ ನಿಂತವರೆಲ್ಲ ತಿಳಿದಿರಬೇಕು. ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿದ್ದ 531 ಜನರನ್ನು ಗುಂಪುಗಳಾಗಿ ವಿಂಗಡಿಸಿ ಸುಮಾರು ಮೂರು ವರ್ಷ ಗಮನಿಸಲಾಯಿತು. ನಡಿಗೆ ಮತ್ತು ಊಟದ ಶಿಸ್ತು ಪಾಲಿಸಿದ ಗುಂಪಿನಲ್ಲಿ ಸಕ್ಕರೆ ಕಾಯಿಲೆಯ ಅಪಾಯ ಶೇ. 28.5ರಷ್ಟು ಕಡಿಮೆಯಾಯಿತು. ಅವರ ತೂಕದಲ್ಲಿ ಮಾತ್ರ ಹೇಳಿಕೊಳ್ಳುವಂಥ ಇಳಿಕೆ ಆಗಿರಲಿಲ್ಲ!

ಆದ್ದರಿಂದ ತೂಕದ ಯಂತ್ರದ ಜೊತೆ ಟೇಪನ್ನೂ ಇಟ್ಟುಕೊಳ್ಳಿ. ಭಾರತೀಯರಲ್ಲಿ ಸೊಂಟದ ಸುತ್ತಳತೆ ಗಂಡಸರಿಗೆ 90, ಹೆಂಗಸರಿಗೆ 80 ಸೆಂ.ಮೀ. ದಾಟಬಾರದು. ಸಕ್ಕರೆ, ರಕ್ತದೊತ್ತಡ ಹೇಗಿದೆ, ಮೂರು ಮಹಡಿ ಹತ್ತಿದಾಗ ಏದುಸಿರು ಬರುತ್ತದೆಯೇ ಎಂದೂ ಗಮನಿಸಿ. ಇವು ಸುಧಾರಿಸುತ್ತಿದ್ದರೆ ವ್ಯಾಯಾಮ ತನ್ನ ಕೆಲಸ ಮಾಡುತ್ತಿದೆ. ತಟ್ಟೆಯನ್ನು ಸ್ವಲ್ಪ ಸರಿಪಡಿಸಿ, ನಾಳೆ ಬೆಳಿಗ್ಗೆಯೂ ಪಾರ್ಕಿಗೆ ಹೋಗಿ.