ಅಲ್ಪಾವಧಿಯ ಹಸಿ ಸಸ್ಯಾಹಾರ ಕ್ರಮ: ಪ್ರಯೋಜನ, ಮಿತಿ ಮತ್ತು ಮುನ್ನೆಚ್ಚರಿಕೆಗಳು

ಪೀಠಿಕೆ

ಬೇಯಿಸದ ಹಣ್ಣು, ತರಕಾರಿ, ಸೊಪ್ಪು, ನೆನೆಸಿದ ಕಾಳು ಹಾಗೂ ಎಣ್ಣೆಬೀಜಗಳನ್ನಷ್ಟೇ ಕೆಲವು ದಿನ ಸೇವಿಸಿ ಆರೋಗ್ಯ ಸುಧಾರಿಸಿಕೊಳ್ಳುವ ಕ್ರಮವನ್ನು ಅನೇಕರು ಸ್ವಂತ ತೀರ್ಮಾನದಿಂದ ಕೈಗೊಳ್ಳುತ್ತಿದ್ದಾರೆ. ಮೂರು ದಿನ, ಐದು ದಿನ, ಇಪ್ಪತ್ತೊಂದು ದಿನ ಎಂದು ಇದರ ಅವಧಿ ಬೇರೆ ಬೇರೆಯಾಗಿರುತ್ತದೆ. ಆರೋಗ್ಯವಂತ ವಯಸ್ಕರಿಗೆ ಮೂರರಿಂದ ಐದು ದಿನಗಳ ಇಂತಹ ಆಹಾರದಿಂದ ಸಾಮಾನ್ಯವಾಗಿ ತೊಂದರೆಯಾಗುವುದಿಲ್ಲ. ಆದರೆ ಮಧುಮೇಹ ಅಥವಾ ಮೂತ್ರಪಿಂಡದ ಕಾಯಿಲೆಗೆ ಔಷಧಿ ಸೇವಿಸುತ್ತಿರುವವರಿಗೆ ಇದೇ ಆಹಾರ ಪ್ರಾಣಾಪಾಯ ತಂದೊಡ್ಡಬಹುದು. ಈ ಕ್ರಮದಿಂದ ಏನನ್ನು ನಿರೀಕ್ಷಿಸಬಹುದು, ಏನನ್ನು ನಿರೀಕ್ಷಿಸಬಾರದು, ಯಾರು ದೂರವಿರಬೇಕು ಎಂಬ ಮಾಹಿತಿಯನ್ನು ಸಾರ್ವಜನಿಕರ ತಿಳುವಳಿಕೆಗಾಗಿ ಇಲ್ಲಿ ನೀಡಲಾಗಿದೆ.

ಹಸಿ ಸಸ್ಯಾಹಾರ ಎಂದರೇನು?

ಸುಮಾರು 40ರಿಂದ 48 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚು ಬಿಸಿ ಮಾಡದ, ಸಸ್ಯಮೂಲದ ಆಹಾರವನ್ನು ಮಾತ್ರ ಸೇವಿಸುವುದೇ ಹಸಿ ಸಸ್ಯಾಹಾರ. ಪ್ರಕೃತಿ ಚಿಕಿತ್ಸೆಯಲ್ಲಿ ಬೇಯಿಸದ ಆಹಾರವನ್ನು ಅಪಕ್ವ ಆಹಾರವೆಂದೂ ಕರೆಯುತ್ತಾರೆ. ಮಾಂಸ, ಮೀನು, ಮೊಟ್ಟೆಗಳ ಜೊತೆಗೆ ಹಾಲು, ಮೊಸರು, ಮಜ್ಜಿಗೆ, ತುಪ್ಪ ಹಾಗೂ ಜೇನುತುಪ್ಪಕ್ಕೂ ಇದರಲ್ಲಿ ಅವಕಾಶವಿಲ್ಲ. ಅನ್ನ, ಮುದ್ದೆ, ರೊಟ್ಟಿ, ಸಾರು ಮೊದಲಾದ ಬೇಯಿಸಿದ ಆಹಾರವನ್ನೂ ಕಾಫಿ, ಚಹಾಗಳನ್ನೂ ಕೈಬಿಡಲಾಗುತ್ತದೆ. ನೀರು ಮಾತ್ರ ಕುಡಿದಿರುವ ಉಪವಾಸಕ್ಕೂ ಈ ಕ್ರಮಕ್ಕೂ ವ್ಯತ್ಯಾಸವಿದ್ದು, ಇಲ್ಲಿ ಹೊಟ್ಟೆ ತುಂಬ ಉಣ್ಣುವುದು ಅವಶ್ಯಕ.

ಹಿನ್ನೆಲೆ

ಸ್ವಿಟ್ಜರ್‌ಲೆಂಡಿನ ವೈದ್ಯ ಮ್ಯಾಕ್ಸಿಮಿಲಿಯನ್ ಬಿರ್ಷರ್-ಬೆನ್ನರ್ ಅವರು 1904ರಲ್ಲಿ ಜ್ಯೂರಿಕ್ ನಗರದಲ್ಲಿ ತೆರೆದ ಆರೋಗ್ಯಧಾಮದಲ್ಲಿ ಹಸಿ ಹಣ್ಣು ತರಕಾರಿಗಳಿಗೆ ಪ್ರಾಧಾನ್ಯ ನೀಡಿದ್ದರು. ಭಾರತದಲ್ಲಿ ಈ ಆಹಾರದ ಬಗ್ಗೆ ಆಸಕ್ತಿ ಮೂಡಿಸಿದವರಲ್ಲಿ ಮಹಾತ್ಮ ಗಾಂಧಿಯವರು ಪ್ರಮುಖರು. ಅವರು 1893ರ ಆಗಸ್ಟ್ ತಿಂಗಳಲ್ಲಿ ದಕ್ಷಿಣ ಆಫ್ರಿಕಾದ ಪ್ರಿಟೋರಿಯಾದಲ್ಲಿ ಬೇಯಿಸದ ಗೋಧಿ, ಒಣದ್ರಾಕ್ಷಿ, ಬಾದಾಮಿ ಮತ್ತು ಕಿತ್ತಳೆಗಳ ಮೇಲೆ ಇರಲು ಯತ್ನಿಸಿ, ಎರಡು ವಾರ ತುಂಬುವ ಮೊದಲೇ ಅದನ್ನು ಕೈಬಿಟ್ಟರು. 1929ರ ಮೇ ತಿಂಗಳಲ್ಲಿ ಮತ್ತೆ ಮೊಳಕೆ ಬರಿಸಿದ ಗೋಧಿ, ಅರೆದ ಬಾದಾಮಿ, ಹಸಿ ಸೊಪ್ಪು, ನಿಂಬೆ ಹಾಗೂ ಜೇನುತುಪ್ಪದ ಆಹಾರವನ್ನು ಆರಂಭಿಸಿ, ಅದರ ವಿವರಗಳನ್ನು ‘ಯಂಗ್ ಇಂಡಿಯಾ’ ಪತ್ರಿಕೆಯಲ್ಲಿ ಪ್ರಕಟಿಸಿದರು. ಅದೇ ವರ್ಷ ಆಗಸ್ಟ್‌ನಲ್ಲಿ ಆಮಶಂಕೆಗೆ ಗುರಿಯಾಗಿ ಪ್ರಯೋಗವನ್ನು ನಿಲ್ಲಿಸಿ, ಆಡಿನ ಹಾಲಿಗೆ ಮರಳಿದರು. ದೇಹ ಒಗ್ಗದಿದ್ದಾಗ ಪ್ರಯೋಗವನ್ನು ನಿಲ್ಲಿಸಬೇಕೆಂಬುದಕ್ಕೆ ಇದು ಉತ್ತಮ ನಿದರ್ಶನವಾಗಿದೆ.

ಕರ್ನಾಟಕದಲ್ಲಿ ಪ್ರಕೃತಿ ಚಿಕಿತ್ಸೆಯು ಪದವಿ ಶಿಕ್ಷಣದ ವಿಷಯವಾಗಿದೆ. ಉಜಿರೆಯಲ್ಲಿ 1989ರಲ್ಲಿ ಆರಂಭವಾದ ಶ್ರೀ ಧರ್ಮಸ್ಥಳ ಮಂಜುನಾಥೇಶ್ವರ ಪ್ರಕೃತಿ ಚಿಕಿತ್ಸಾ ಮತ್ತು ಯೋಗ ವಿಜ್ಞಾನ ಕಾಲೇಜು ಹಾಗೂ ಮೈಸೂರಿನ ಸರ್ಕಾರಿ ಪ್ರಕೃತಿ ಚಿಕಿತ್ಸಾ ಮತ್ತು ಯೋಗ ಕಾಲೇಜುಗಳಲ್ಲಿ ಬಿ.ಎನ್.ವೈ.ಎಸ್. ಪದವಿ ವ್ಯಾಸಂಗಕ್ಕೆ ಅವಕಾಶವಿದೆ. ಒಳರೋಗಿಗಳಿಗೆ ಇಂತಹ ಆಹಾರವನ್ನು ವೈದ್ಯರ ನಿಗಾದಲ್ಲಿ ನೀಡುವುದಕ್ಕೂ ಮನೆಯಲ್ಲಿ ಸ್ವತಃ ಆರಂಭಿಸುವುದಕ್ಕೂ ಇರುವ ಅಂತರವನ್ನು ಗಮನಿಸಬೇಕು.

ದೇಹದಲ್ಲಿ ಕಂಡುಬರುವ ಬದಲಾವಣೆಗಳು

ತೂಕ: ಮೊದಲ ಮೂರು ನಾಲ್ಕು ದಿನಗಳಲ್ಲಿ ಒಂದೆರಡು ಕಿಲೋಗ್ರಾಂ ತೂಕ ಇಳಿಯಬಹುದು. ಇದರಲ್ಲಿ ಹೆಚ್ಚಿನ ಪಾಲು ನೀರು. ಯಕೃತ್ತು ಮತ್ತು ಸ್ನಾಯುಗಳಲ್ಲಿ ಶೇಖರವಾಗಿರುವ ಗ್ಲೈಕೋಜನ್ ಪ್ರತಿ ಗ್ರಾಂಗೆ ಸುಮಾರು 3 ಗ್ರಾಂ ನೀರನ್ನು ಹಿಡಿದಿಟ್ಟುಕೊಂಡಿರುತ್ತದೆ. ಆಹಾರದ ಶಕ್ತಿ ಕಡಿಮೆಯಾದಾಗ ಗ್ಲೈಕೋಜನ್ ಕರಗಿ, ಆ ನೀರು ಹೊರಹೋಗುತ್ತದೆ. ಉಪ್ಪಿನ ಸೇವನೆ ತಗ್ಗುವುದೂ ಇದಕ್ಕೆ ಕಾರಣ. ಎಂದಿನ ಊಟಕ್ಕೆ ಮರಳಿದಾಗ ಈ ತೂಕ ಬಹುಮಟ್ಟಿಗೆ ಹಿಂತಿರುಗುತ್ತದೆ.

ಶಕ್ತಿ: 100 ಗ್ರಾಂ ಜೋಳದ ಹಿಟ್ಟಿನಲ್ಲಿ ಸುಮಾರು 340 ಕಿಲೋಕ್ಯಾಲೊರಿ ಶಕ್ತಿಯಿದ್ದರೆ, ಅಷ್ಟೇ ತೂಕದ ಸೌತೆಕಾಯಿಯಲ್ಲಿರುವುದು 20 ಕಿಲೋಕ್ಯಾಲೊರಿಯ ಆಸುಪಾಸು. ತಟ್ಟೆ ತುಂಬಿದ್ದರೂ ದೇಹಕ್ಕೆ ದೊರೆಯುವ ಶಕ್ತಿ ಅಲ್ಪವಾಗಿರುವುದರಿಂದ ಶ್ರಮದ ಕೆಲಸ ಮಾಡುವವರಿಗೆ ನಿತ್ರಾಣವಾಗುತ್ತದೆ.

ಜೀರ್ಣಕ್ರಿಯೆ: ನಾರಿನ ಅಂಶ ಹೆಚ್ಚುವುದರಿಂದ ಮಲಬದ್ಧತೆ ಇರುವ ಅನೇಕರಿಗೆ ಅನುಕೂಲವಾಗುತ್ತದೆ. ಒಮ್ಮೆಲೇ ಹೆಚ್ಚಿಸಿದರೆ ಹೊಟ್ಟೆಯುಬ್ಬರ ಮತ್ತು ಭೇದಿ ಉಂಟಾಗಬಹುದು.

ಪೋಷಕಾಂಶಗಳು: ಬೇಯಿಸುವಾಗ ನಷ್ಟವಾಗುವ ‘ಸಿ’ ಜೀವಸತ್ವ ಮತ್ತು ಫೋಲೇಟ್ ಹಸಿ ಆಹಾರದಲ್ಲಿ ಉಳಿದಿರುತ್ತವೆ. ಆದರೆ ಟೊಮೆಟೊದ ಲೈಕೋಪೀನ್ ಮತ್ತು ಗಜ್ಜರಿಯ ಬೀಟಾ ಕೆರೋಟಿನ್‌ಗಳನ್ನು ದೇಹವು ಬೇಯಿಸಿದಾಗಲೇ ಹೆಚ್ಚಾಗಿ ಹೀರಿಕೊಳ್ಳುತ್ತದೆ. ಆದ್ದರಿಂದ ಎಲ್ಲವನ್ನೂ ಹಸಿಯಾಗಿ ತಿನ್ನುವುದೇ ಶ್ರೇಷ್ಠವೆನ್ನಲಾಗದು.

ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಹಸಿ ಆಹಾರದಿಂದ ದೇಹದಲ್ಲಿನ ವಿಷ ಹೊರಹೋಗುವುದೇ?
ಉತ್ತರ: ದೇಹದ ತ್ಯಾಜ್ಯಗಳನ್ನು ಹೊರಹಾಕುವ ಕಾರ್ಯವನ್ನು ಯಕೃತ್ತು ಹಾಗೂ ಮೂತ್ರಪಿಂಡಗಳು ಹಗಲಿರುಳೂ ನಿರ್ವಹಿಸುತ್ತಿರುತ್ತವೆ. ಕೆಲವು ದಿನಗಳ ಆಹಾರದಿಂದ ಅವುಗಳನ್ನು ತೊಳೆದು ಹೊಸದಾಗಿಸಲು ಸಾಧ್ಯವಿಲ್ಲ. ಮದ್ಯ, ಕರಿದ ತಿಂಡಿ, ಅಧಿಕ ಸಕ್ಕರೆ ಮತ್ತು ಉಪ್ಪು ನಿಂತಾಗ ಉಂಟಾಗುವ ಹಗುರತನವನ್ನೇ ಶುದ್ಧೀಕರಣವೆಂದು ತಿಳಿಯಲಾಗುತ್ತದೆ.

ಪ್ರಶ್ನೆ: ಹಸಿ ಆಹಾರದ ಕಿಣ್ವಗಳು ಜೀರ್ಣಕ್ಕೆ ಅವಶ್ಯಕವೇ?
ಉತ್ತರ: ಇಲ್ಲ. ಕಿಣ್ವಗಳೂ ಪ್ರೋಟೀನ್‌ಗಳೇ ಆಗಿದ್ದು, ಅವುಗಳಲ್ಲಿ ಬಹುಪಾಲು ಜಠರದ ಆಮ್ಲದಲ್ಲಿ ವಿಘಟನೆಗೊಳ್ಳುತ್ತವೆ. ಜೀರ್ಣಕ್ಕೆ ಬೇಕಾದ ಕಿಣ್ವಗಳನ್ನು ದೇಹವೇ ಸ್ರವಿಸುತ್ತದೆ.

ಪ್ರಶ್ನೆ: ಎರಡನೆಯ ದಿನ ಬರುವ ತಲೆನೋವು ವಿಷ ಹೊರಹೋಗುತ್ತಿರುವುದರ ಸೂಚನೆಯೇ?
ಉತ್ತರ: ಅಲ್ಲ. ದಿನವೂ ಕಾಫಿ, ಚಹಾ ಕುಡಿಯುವವರು ಥಟ್ಟನೆ ನಿಲ್ಲಿಸಿದಾಗ 12ರಿಂದ 24 ಗಂಟೆಗಳಲ್ಲಿ ತಲೆನೋವು ಆರಂಭವಾಗಿ ಕೆಲವು ದಿನ ಇರಬಹುದು. ಹಸಿವು ಮತ್ತು ನೀರಿನ ಕೊರತೆಯಿಂದಲೂ ತಲೆ ನೋಯುತ್ತದೆ. ಯಾವುದೇ ತೊಂದರೆಯನ್ನು ಗುಣವಾಗುವ ಲಕ್ಷಣವೆಂದು ಭಾವಿಸಿ ಸಹಿಸಿಕೊಳ್ಳುವುದು ತರವಲ್ಲ.

ಪ್ರಶ್ನೆ: ಒಳ್ಳೆಯದಾದರೆ ಇದನ್ನು ತಿಂಗಳುಗಟ್ಟಲೆ ಮುಂದುವರಿಸಬಹುದೇ?
ಉತ್ತರ: ಮುಂದುವರಿಸುವುದು ಸೂಕ್ತವಲ್ಲ. ಜರ್ಮನಿಯಲ್ಲಿ ದೀರ್ಘಕಾಲ ಹಸಿ ಆಹಾರ ಸೇವಿಸಿದ 513 ಮಂದಿಯನ್ನು ಕುರಿತು 1999ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, 45 ವರ್ಷದೊಳಗಿನ ಮಹಿಳೆಯರ ಪೈಕಿ ಶೇಕಡ 30ರಷ್ಟು ಮಂದಿಯಲ್ಲಿ ಮುಟ್ಟು ಭಾಗಶಃ ಅಥವಾ ಪೂರ್ಣವಾಗಿ ನಿಂತಿದ್ದುದು ಕಂಡುಬಂದಿತು. 2005ರಲ್ಲಿ ಪ್ರಕಟವಾದ ಮತ್ತೊಂದು ಅಧ್ಯಯನದಲ್ಲಿ ಹಸಿ ಆಹಾರ ಸೇವಿಸುವ 201 ಮಂದಿಯ ಪೈಕಿ ಶೇಕಡ 38ರಷ್ಟು ಮಂದಿಗೆ ಬಿ-12 ಜೀವಸತ್ವದ ಕೊರತೆಯಿತ್ತು. ಸಸ್ಯಾಹಾರದಲ್ಲಿ ಈ ಜೀವಸತ್ವಕ್ಕೆ ಹಾಲು, ಮೊಸರುಗಳೇ ಮುಖ್ಯ ಆಧಾರವಾಗಿರುವುದರಿಂದ, ಅವನ್ನೂ ಕೈಬಿಟ್ಟವರು ಪೂರಕ ಮಾತ್ರೆಯನ್ನೇ ಅವಲಂಬಿಸಬೇಕಾಗುತ್ತದೆ.

ಯಾರು ಕೈಗೊಳ್ಳಬಾರದು?

1. ಮಧುಮೇಹಿಗಳು: ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್, ಗ್ಲಿಬೆನ್‌ಕ್ಲಮೈಡ್‌ನಂತಹ ಮಾತ್ರೆ ಸೇವಿಸುವವರು ಎಂದಿನ ಪ್ರಮಾಣದಲ್ಲಿ ಔಷಧಿ ಪಡೆದು ಆಹಾರ ತಗ್ಗಿಸಿದರೆ ರಕ್ತದ ಸಕ್ಕರೆ ಅಪಾಯಕರವಾಗಿ ಕುಸಿಯುತ್ತದೆ. ಔಷಧಿಯನ್ನೇ ನಿಲ್ಲಿಸಿದರೆ ಸಕ್ಕರೆ ಏರುತ್ತದೆ. ಡಾಪಾಗ್ಲಿಫ್ಲೋಜಿನ್ ಗುಂಪಿನ ಮಾತ್ರೆ ಸೇವಿಸುವವರಲ್ಲಿ ಆಹಾರ ತೀರಾ ತಗ್ಗಿದಾಗ, ಸಕ್ಕರೆ ಹೆಚ್ಚು ಏರದಿದ್ದರೂ ರಕ್ತ ಆಮ್ಲೀಯವಾಗುವ ಅಪಾಯವಿದೆ.

2. ಮೂತ್ರಪಿಂಡದ ಕಾಯಿಲೆ ಇರುವವರು: ಹಣ್ಣು, ಸೊಪ್ಪು, ತರಕಾರಿ ರಸ ಮತ್ತು ಎಳನೀರಿನಲ್ಲಿ ಪೊಟ್ಯಾಸಿಯಂ ಅಧಿಕವಾಗಿದೆ. 300 ಮಿ.ಲೀ. ಎಳನೀರಿನಲ್ಲಿ ಸುಮಾರು 600 ಮಿಲಿಗ್ರಾಂ ಪೊಟ್ಯಾಸಿಯಂ ಇರುತ್ತದೆ. ದುರ್ಬಲ ಮೂತ್ರಪಿಂಡಗಳು ಇದನ್ನು ಹೊರಹಾಕಲಾರದೆ ಹೃದಯದ ಬಡಿತವೇ ನಿಲ್ಲುವ ಸಂಭವವಿದೆ. ಕಮರಾಕ್ಷಿ (ಧಾರೆಹುಳಿ) ಹಣ್ಣು ಇವರಲ್ಲಿ ನರಗಳ ಮೇಲೆ ವಿಷದಂತೆ ವರ್ತಿಸುತ್ತದೆ.

3. ರಾಮಿಪ್ರಿಲ್, ಟೆಲ್ಮಿಸಾರ್ಟನ್, ಸ್ಪೈರೊನೊಲ್ಯಾಕ್ಟೋನ್ ಮೊದಲಾದ ಔಷಧಿ ಸೇವಿಸುವವರು: ಈ ಔಷಧಿಗಳೂ ಪೊಟ್ಯಾಸಿಯಂ ಹೆಚ್ಚಿಸುವುದರಿಂದ ವೈದ್ಯರ ಸಲಹೆ ಪಡೆಯದೆ ಆರಂಭಿಸಬಾರದು.

4. ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ಅಥವಾ ಅಸೆನೊಕೌಮರಾಲ್ ಸೇವಿಸುವವರು: ಸೊಪ್ಪಿನಲ್ಲಿರುವ ‘ಕೆ’ ಜೀವಸತ್ವವು ಔಷಧಿಯ ಪರಿಣಾಮವನ್ನು ತಗ್ಗಿಸುತ್ತದೆ.

5. ಗರ್ಭಿಣಿಯರು, ಹಾಲೂಡಿಸುವ ತಾಯಂದಿರು, ಮಕ್ಕಳು, ಹದಿಹರೆಯದವರು, ವಯೋವೃದ್ಧರು, ತೂಕ ಕಡಿಮೆ ಇರುವವರು ಹಾಗೂ ರಕ್ತಹೀನತೆ ಇರುವವರು.

6. ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು, ಅಂಗ ಕಸಿ ಮಾಡಿಸಿಕೊಂಡವರು ಮತ್ತು ರೋಗನಿರೋಧಕ ಶಕ್ತಿ ಕುಂದಿರುವವರು. ಬೇಯಿಸದ ಆಹಾರದ ಸೋಂಕು ಇವರಲ್ಲಿ ಉಗ್ರವಾಗುತ್ತದೆ.

ವೈದ್ಯರು ಸೂಚಿಸಿರುವ ಯಾವುದೇ ಔಷಧಿಯನ್ನು ಹಸಿ ಆಹಾರದ ನೆಪದಲ್ಲಿ ನಿಲ್ಲಿಸತಕ್ಕದ್ದಲ್ಲ.

ಹಸಿಯಾಗಿ ಸೇವಿಸಬಾರದ ಪದಾರ್ಥಗಳು

• ರಾಜ್ಮಾ ಮತ್ತು ಒಣ ಅವರೆಕಾಳು: ನೆನೆಸಿದರೂ, ಮೊಳಕೆ ಬರಿಸಿದರೂ ಇವುಗಳ ವಿಷಾಂಶ ಪೂರ್ತಿ ಹೋಗುವುದಿಲ್ಲ. ನಾಲ್ಕೈದು ಹಸಿ ರಾಜ್ಮಾ ಕಾಳುಗಳೇ ತೀವ್ರ ವಾಂತಿಗೆ ಸಾಕು.
• ಕಹಿಯಾದ ಸೋರೆಕಾಯಿ: ಇದರ ರಸ ಕುಡಿದು ಭಾರತದಲ್ಲಿ ಸಾವುಗಳು ಸಂಭವಿಸಿವೆ. ಸೋರೆಕಾಯಿಯ ಸಣ್ಣ ಚೂರೊಂದನ್ನು ಮೊದಲು ನಾಲಗೆಗೆ ಮುಟ್ಟಿಸಿ ನೋಡಿ, ಕಹಿಯಿದ್ದರೆ ಬಿಸಾಡಬೇಕು. ಬೇರೆ ರಸ ಬೆರೆಸಿ ಕಹಿ ಮರೆಮಾಚಬಾರದು.
• ಮರಗೆಣಸು: ಹಸಿ ಗೆಡ್ಡೆಯಿಂದ ಸಯನೈಡ್ ಬಿಡುಗಡೆಯಾಗುತ್ತದೆ.
• ಕೆಸುವಿನ ಎಲೆ, ಕೆಸುವಿನ ಗೆಡ್ಡೆ, ಸುವರ್ಣಗೆಡ್ಡೆ: ಇವುಗಳ ಆಕ್ಸಲೇಟ್ ಹರಳುಗಳಿಂದ ಬಾಯಿ, ಗಂಟಲು ತುರಿಸಿ ಊದಿಕೊಳ್ಳುತ್ತವೆ.
• ಹಸಿರು ತಿರುಗಿದ ಅಥವಾ ಮೊಳೆತ ಆಲೂಗಡ್ಡೆ ಮತ್ತು ಕಾಡು ಅಣಬೆ.

ಪಾಲಕ್ ಸೊಪ್ಪಿನ ರಸವನ್ನು ದಿನವೂ ಹೆಚ್ಚು ಪ್ರಮಾಣದಲ್ಲಿ ಕುಡಿಯುವುದರಿಂದ ಮೂತ್ರಪಿಂಡಕ್ಕೆ ಹಾನಿಯಾಗಬಹುದು. ಮೂತ್ರಪಿಂಡದ ಕಲ್ಲಿನ ತೊಂದರೆ ಇರುವವರು ಇದನ್ನು ವರ್ಜಿಸಬೇಕು.

ಶುಚಿತ್ವ

ಬೆಂಕಿಯು ಆಹಾರದಲ್ಲಿನ ರೋಗಾಣುಗಳನ್ನು ನಾಶಪಡಿಸುತ್ತದೆ. ಆ ರಕ್ಷಣೆ ಇಲ್ಲದಿರುವಾಗ ವಿಷಮಶೀತ ಜ್ವರ, ಕಾಮಾಲೆ, ಆಮಶಂಕೆಗಳು ಹಸಿ ಸೊಪ್ಪು ತರಕಾರಿಗಳ ಮೂಲಕ ಹರಡಬಹುದು. ಮಲದಿಂದ ಕಲುಷಿತವಾದ ಸೊಪ್ಪಿನಲ್ಲಿರುವ ಲಾಡಿಹುಳುವಿನ ಮೊಟ್ಟೆಗಳು ದೇಹ ಸೇರಿ, ಮರಿಗಳು ಮಿದುಳನ್ನು ತಲುಪಿದರೆ ಮೂರ್ಛೆರೋಗ ಬರುತ್ತದೆ. ಚರಂಡಿ ನೀರಿನಲ್ಲಿ ಬೆಳೆದ ಸೊಪ್ಪನ್ನು ಕೊಳ್ಳಬಾರದು. ಸೊಪ್ಪನ್ನು ಎಲೆ ಎಲೆಯಾಗಿ ಬಿಡಿಸಿ, ಹರಿಯುವ ಶುದ್ಧ ನೀರಿನಲ್ಲಿ ಹಲವು ಬಾರಿ ತೊಳೆಯಬೇಕು. ಹೆಚ್ಚಿದ ಹಣ್ಣು ತರಕಾರಿಗಳನ್ನು ಎರಡು ಗಂಟೆಯೊಳಗೆ ತಿನ್ನಬೇಕು.

ಮೊಳಕೆ ಕಾಳಿನ ಬಗ್ಗೆ ವಿಶೇಷ ಎಚ್ಚರ ಅಗತ್ಯ. ಮೊಳಕೆ ಒಡೆಯಲು ಬೇಕಾದ ತೇವ ಮತ್ತು ಬೆಚ್ಚನೆಯ ವಾತಾವರಣ ಬ್ಯಾಕ್ಟೀರಿಯಾಗಳಿಗೂ ಅನುಕೂಲಕರ. ಜರ್ಮನಿಯಲ್ಲಿ 2011ರಲ್ಲಿ ಕಲುಷಿತ ಮೆಂತ್ಯದ ಮೊಳಕೆಯಿಂದ ಹರಡಿದ ಇ-ಕೋಲಿ ಸೋಂಕಿನಿಂದ 3,800ಕ್ಕೂ ಹೆಚ್ಚು ಮಂದಿ ಅಸ್ವಸ್ಥರಾಗಿ, 50ಕ್ಕೂ ಹೆಚ್ಚು ಮಂದಿ ಮೃತಪಟ್ಟರು. ಮೊಳಕೆ ಕಾಳನ್ನು ಆವಿಯಲ್ಲಿ ಬೇಯಿಸುವುದೇ ಕ್ಷೇಮ. ಇದರಿಂದ ನಿಯಮಕ್ಕೆ ಭಂಗ ಬಂದಿತೆಂದು ಚಿಂತಿಸಬೇಕಾಗಿಲ್ಲ.

ಕೈಗೊಳ್ಳುವ ವಿಧಾನ

ಆರೋಗ್ಯವಂತರು ಅವಧಿಯನ್ನು ಐದು ದಿನಗಳಿಗೆ ಮಿತಿಗೊಳಿಸುವುದು ಒಳಿತು. ಒಂದು ವಾರ ಮುಂಚೆಯೇ ಕಾಫಿ, ಚಹಾ ತಗ್ಗಿಸುತ್ತಾ, ಊಟದಲ್ಲಿ ಹಸಿ ತರಕಾರಿ ಹೆಚ್ಚಿಸುತ್ತಾ ಬರಬೇಕು.

ಬೆಳಿಗ್ಗೆ: ಬಾಳೆಹಣ್ಣು, ಪಪ್ಪಾಯಿ ಮೊದಲಾದ ಋತುಮಾನದ ಹಣ್ಣು, ನೆನೆಸಿದ ಶೇಂಗಾ ಒಂದು ಹಿಡಿ.
ಮಧ್ಯಾಹ್ನ: ನೆನೆಸಿದ ಹೆಸರುಬೇಳೆ, ಸೌತೆಕಾಯಿ, ಗಜ್ಜರಿ, ತೆಂಗಿನತುರಿಗಳ ಒಗ್ಗರಣೆಯಿಲ್ಲದ ಕೋಸಂಬರಿ, ಟೊಮೆಟೊ ಮತ್ತು ಈರುಳ್ಳಿ, ಹಣ್ಣು.
ಸಂಜೆ: ಎಳನೀರು ಅಥವಾ ನಿಂಬೆಹಣ್ಣಿನ ಪಾನಕ.
ರಾತ್ರಿ: ಆವಿಯಲ್ಲಿ ಬೆಂದ ಮೊಳಕೆ ಹೆಸರುಕಾಳು, ತೆಂಗಿನಹಾಲಿನಲ್ಲಿ ಕಲಸಿದ ಬಾಳೆಹಣ್ಣಿನ ರಸಾಯನ, ಎಳ್ಳು.

60 ಕಿಲೋಗ್ರಾಂ ತೂಕದ ವಯಸ್ಕರಿಗೆ ದಿನಕ್ಕೆ ಸುಮಾರು 50 ಗ್ರಾಂ ಪ್ರೋಟೀನ್ ಬೇಕು. ಕಾಳು ಮತ್ತು ಎಣ್ಣೆಬೀಜಗಳನ್ನು ಬಿಟ್ಟು ಬರೀ ಹಣ್ಣಿನ ರಸದ ಮೇಲಿದ್ದರೆ ಇದು ದೊರೆಯುವುದಿಲ್ಲ. ಹಣ್ಣನ್ನು ಹಿಂಡಿ ಕುಡಿಯುವ ಬದಲು ಇಡಿಯಾಗಿ ತಿನ್ನಬೇಕು. ಈ ದಿನಗಳಲ್ಲಿ ಕಠಿಣ ವ್ಯಾಯಾಮ ಬೇಡ.

ತಲೆ ಸುತ್ತುವಿಕೆ, ಬೆವರು ಮತ್ತು ನಡುಕ, ಎದೆ ಬಡಿತದ ಏರುಪೇರು, ನಿಲ್ಲದ ವಾಂತಿಭೇದಿ, ಮೂತ್ರ ತೀರಾ ಕಡಿಮೆಯಾಗುವುದು, ಜ್ವರ ಅಥವಾ ಗೊಂದಲದ ಮಾತು ಕಂಡುಬಂದರೆ ಕ್ರಮವನ್ನು ಆ ಕ್ಷಣವೇ ನಿಲ್ಲಿಸಿ ವೈದ್ಯರನ್ನು ಕಾಣಬೇಕು. ತುರ್ತು ಸಂದರ್ಭದಲ್ಲಿ 108 ಸಂಖ್ಯೆಗೆ ಕರೆ ಮಾಡಿ ಆಂಬುಲೆನ್ಸ್ ಸೇವೆ ಪಡೆಯಬಹುದು.

ಆನಂತರ ಏನು?

ಐದು ದಿನಗಳ ಲಾಭವು ಆರನೆಯ ದಿನದಿಂದ ಉಣ್ಣುವ ಊಟವನ್ನು ಅವಲಂಬಿಸಿದೆ. ಗಂಜಿ, ಮೆತ್ತಗಿನ ಅನ್ನ, ತೆಳುಸಾರಿನಿಂದ ಆರಂಭಿಸಿ ಎರಡು ದಿನಗಳಲ್ಲಿ ಎಂದಿನ ಊಟಕ್ಕೆ ಮರಳಬೇಕು. ಕೈಬಿಟ್ಟಿದ್ದ ಕರಿದ ತಿಂಡಿ, ಸಿಹಿ ಪಾನೀಯ ಮತ್ತು ಹೆಚ್ಚುವರಿ ಉಪ್ಪನ್ನು ಮತ್ತೆ ತರದಿರುವುದೇ ನಿಜವಾದ ಸುಧಾರಣೆ. ವಯಸ್ಕರು ದಿನಕ್ಕೆ ಕನಿಷ್ಠ 400 ಗ್ರಾಂ ಹಣ್ಣು ತರಕಾರಿ ಸೇವಿಸಬೇಕು ಮತ್ತು ಉಪ್ಪು 5 ಗ್ರಾಂಗಿಂತ ಕಡಿಮೆಯಿರಬೇಕು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ.

ಇದಕ್ಕೆ ಹೊಸ ಪದ್ಧತಿಯನ್ನು ಹುಡುಕಬೇಕಾಗಿಲ್ಲ. ರಾಮನವಮಿಯ ಕೋಸಂಬರಿ, ಉತ್ತರ ಕರ್ನಾಟಕದಲ್ಲಿ ಜೋಳದ ರೊಟ್ಟಿಯ ಜೊತೆಗಿರುವ ಹಸಿ ಮೆಂತ್ಯದ ಪಚಡಿ, ಹಕ್ಕರಿಕೆ ಸೊಪ್ಪು, ಮೂಲಂಗಿ ಮತ್ತು ಈರುಳ್ಳಿ, ಮಲೆನಾಡಿನ ಒಂದೆಲಗದ ತಂಬುಳಿ ಇವೆಲ್ಲವೂ ಹಸಿ ಆಹಾರವೇ. ಬೇಯಿಸಿದ ಧಾನ್ಯ, ಬೇಳೆಗಳ ಪಕ್ಕದಲ್ಲಿ ಇವು ಪ್ರತಿದಿನವೂ ತಟ್ಟೆಯಲ್ಲಿರುವುದು ವರ್ಷಕ್ಕೊಮ್ಮೆ ಕೈಗೊಳ್ಳುವ ಕಠಿಣ ನಿಯಮಕ್ಕಿಂತ ಹೆಚ್ಚು ಹಿತಕರ.

ಸೂಚನೆ: ಈ ಮಾಹಿತಿಯು ಸಾಮಾನ್ಯ ತಿಳುವಳಿಕೆಗಾಗಿ ಮಾತ್ರ; ವೈದ್ಯಕೀಯ ಸಲಹೆಗೆ ಪರ್ಯಾಯವಲ್ಲ. ದೀರ್ಘಕಾಲದ ಕಾಯಿಲೆ ಇರುವವರು ಆಹಾರದಲ್ಲಿ ಬದಲಾವಣೆ ಮಾಡುವ ಮೊದಲು ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಗಳನ್ನು ಅಥವಾ ತಮಗೆ ಚಿಕಿತ್ಸೆ ನೀಡುತ್ತಿರುವ ವೈದ್ಯರನ್ನು ಸಂಪರ್ಕಿಸುವುದು.