ಇಳುವರಿ: ಏನು, ಯಾವುದರಿಂದ?

ರಾಯಚೂರಿನ ರಾಜೇಂದ್ರ ಗಂಜ್‌ನಲ್ಲಿ ಎದುರಾದ ಇಬ್ಬರು ರೈತರು ‘ಇಳುವರಿ ಹೇಗಿದೆ?’ ಎಂದು ಕೇಳಿಕೊಳ್ಳುವುದು ಅಪರೂಪ. ‘ಎಕ್ರಿಗೆ ಎಷ್ಟ್ ಚೀಲ ಬಂದ್ವು?’ ಎನ್ನುತ್ತಾರೆ. ಇಳುವರಿ ಎಂಬುದು ಹೆಚ್ಚಾಗಿ ಕೃಷಿ ಇಲಾಖೆಯ, ಪತ್ರಿಕೆಯ, ವಿಶ್ವವಿದ್ಯಾಲಯದ ಮಾತು. ರೈತರ ಪ್ರಶ್ನೆಯಲ್ಲಿ ಎಕರೆಯೂ ಇದೆ, ಚೀಲವೂ ಇದೆ. ಇಳುವರಿ ಎರಡನ್ನೂ ನುಂಗಿ ಸುಮ್ಮನೆ ಕೂತಿದೆ. ಏನು ಬಂತು, ಯಾವುದರಿಂದ ಬಂತು ಎಂದು ನಾವೇ ಕೆದಕಿ ಕೇಳಬೇಕು.

ಕೇಳಿದರೆ ಊರಿಗೊಂದು ಉತ್ತರ. ಮಾನ್ವಿಯ ಗದ್ದೆಯಲ್ಲಿರುವಾಗ ನೆಲ್ಲಿನ ಇಳುವರಿ ಎಂದರೆ ಎಕರೆಗಿಷ್ಟು ಚೀಲ. ಅದೇ ನೆಲ್ಲು ರಾಯಚೂರಿನ ಮಿಲ್ ಸೇರಿದರೆ, ಕ್ವಿಂಟಲ್‌ಗೆ ಎಷ್ಟು ಅಕ್ಕಿ ಎಂಬುದು ಇಳುವರಿ. ಸರ್ಕಾರದ ಲೆಕ್ಕದಲ್ಲಿ ಬೆಳ್ತಿಗೆ ಅಕ್ಕಿಯಾದರೆ 67 ಕಿಲೋ. ದೇವದುರ್ಗದ ರೈತ ಬೀಜಸಮೇತ ಹತ್ತಿ ತೂಗಿ ಇಳುವರಿ ಹೇಳುತ್ತಾನೆ. ಜಿನ್ನಿಂಗ್ ಮಿಲ್ಲಿನವನಿಗೆ ಅರಳೆಯಷ್ಟೇ ಇಳುವರಿ, ಹೆಚ್ಚುಕಡಿಮೆ ಮೂರನೇ ಒಂದು ಪಾಲು. ಸಕ್ಕರೆ ಕಾರ್ಖಾನೆಯವರು ಕಬ್ಬಿನಿಂದ ಇಳಿದ ಸಕ್ಕರೆಯನ್ನು ಶೇಕಡಾ ಲೆಕ್ಕದಲ್ಲಿ ಇಳುವರಿ ಎನ್ನುತ್ತಾರೆ.

ವಿಜ್ಞಾನವೂ ಈ ಪದಕ್ಕೆ ತನ್ನದೇ ಅರ್ಥ ಕಟ್ಟಿತು. 1964ರ ಸಿಎಸ್‌ಎಚ್-1 ಹೈಬ್ರಿಡ್ ಜೋಳ, 1966ರ ಐಆರ್-8 ಭತ್ತ ಬಂದದ್ದು ಅಮೆರಿಕದ ಗೋಧಿ ಹಡಗಿಗೆ ದೇಶ ಕಾಯುತ್ತಿದ್ದ ಕಾಲದಲ್ಲಿ. ಗಿಡ ಗಿಡ್ಡಗಿರಬೇಕು, ಗೊಬ್ಬರ ಉಂಡೂ ಬಾಗದೆ ನಿಲ್ಲಬೇಕು, ಕಾಳು ಹೆಚ್ಚಬೇಕು. ಹಸಿದ ಕಾಲಕ್ಕೆ ಆ ಲೆಕ್ಕ ಸರಿಯೇ. ಆದರೆ ಹಿಂಗಾರಿಗೆ ಬಿಳಿಜೋಳ ಬಿತ್ತುವ ಎರೆಹೊಲದ ರೈತನ ಎಣಿಕೆಯಲ್ಲಿ ಕಣಿಕೆಯೂ ಇತ್ತು. ಎತ್ತಿಗೆ ಮೇವಾಗದ ಜೋಳ ಅವನಿಗೆ ಅರ್ಧ ಬೆಳೆ. ಸೊಲ್ಲಾಪುರ ಜಿಲ್ಲೆಯ ಮೋಹೋಳದಲ್ಲಿ ಆಯ್ದ ಹಳೆಯ ಎಂ 35-1 ಮಾಲ್ದಂಡಿ ಹೈಬ್ರಿಡ್‌ಗಳ ಎದುರೂ ಹಿಂಗಾರಿಯಲ್ಲಿ ಉಳಿದುಕೊಂಡದ್ದು ರೊಟ್ಟಿಯ ರುಚಿಯಿಂದ, ಕಣಿಕೆಯಿಂದ. ಕಾಳು, ಮೇವು ಎರಡನ್ನೂ ಕೂಡಿಸಿ ತಳಿ ಆರಿಸುವ ಕೆಲಸವನ್ನು ಸಂಶೋಧಕರು ಕೈಗೆತ್ತಿಕೊಳ್ಳುವ ಹೊತ್ತಿಗೆ ದಶಕಗಳು ಕಳೆದಿದ್ದವು.

ಇನ್ನು ನೀರು. 1953ರಲ್ಲಿ ಹರಿಯತೊಡಗಿದ ತುಂಗಭದ್ರಾ ಎಡದಂಡೆ ಕಾಲುವೆಯ ಉದ್ದೇಶ ಕಡಿಮೆ ನೀರನ್ನು ಬಹಳ ಹೊಲಗಳಿಗೆ ತೆಳ್ಳಗೆ ಹಂಚಿ ಬರ ತಪ್ಪಿಸುವುದು. ಲೆಕ್ಕ ಹಾಕಿದ್ದು ಬಹುಪಾಲು ಜೋಳ, ಹತ್ತಿಯಂಥ ಮಿತನೀರಾವರಿ ಬೆಳೆಗೆ. ಮೇಲ್ಭಾಗದಲ್ಲಿ ಹಬ್ಬಿದ್ದು ನೆಲ್ಲು. ಅಲ್ಲಿ ಎಕರೆಯ ಇಳುವರಿ ಏರಿದಷ್ಟೂ ಕೊನೆ ಭಾಗದ ಮಾನ್ವಿ, ರಾಯಚೂರು ತಾಲ್ಲೂಕುಗಳ ತೂಬುಗಳು ಒಣಗಿದವು. ನೀರು ನಿಂತಲ್ಲಿ ಸವಳು ಎದ್ದಿತು. ಎಕರೆಯನ್ನಷ್ಟೇ ನೋಡುವ ಇಳುವರಿಗೆ ಈ ನಷ್ಟ ಕಾಣದು. 1990ರ ದಶಕದಲ್ಲಿ ಶ್ರೀಲಂಕಾದ ಅಂತರರಾಷ್ಟ್ರೀಯ ನೀರು ನಿರ್ವಹಣಾ ಸಂಸ್ಥೆಯವರು ‘ಯಾವುದರಿಂದ’ ಎಂಬಲ್ಲಿ ಎಕರೆಯ ಬದಲು ನೀರನ್ನಿಟ್ಟರು: ಹನಿಗೆಷ್ಟು ಬೆಳೆ? 2009ರಲ್ಲಿ ಆರಂಭವಾದ ರಾಯಚೂರು ಕೃಷಿ ವಿಶ್ವವಿದ್ಯಾಲಯ ಕೂರಿಗೆ ಭತ್ತದ ಬೆನ್ನು ಹತ್ತಿದ್ದೂ ಇದೇ ಲೆಕ್ಕದಿಂದ. ರೊಳ್ಳೆ ಹೊಡೆಯದೆ, ಸಸಿ ನಾಟದೆ ಒಣಹೊಲಕ್ಕೇ ಬೀಜ ಬಿಟ್ಟರೆ ನೀರೂ ಆಳೂ ಉಳಿಯುತ್ತವೆ. ಅದರ ಬೆಲೆ ಗೊತ್ತಾಗುವುದು ಕಾಲುವೆಯ ತಲೆಯಲ್ಲಿರುವವನಿಗಿಂತ ಬಾಲದಲ್ಲಿರುವವನಿಗೆ.

ನಂತರ ‘ಏನು’ ಎಂಬುದೂ ಬದಲಾಯಿತು. 2013ರಲ್ಲಿ ಮಿನ್ನೆಸೋಟ ವಿಶ್ವವಿದ್ಯಾಲಯದ ಎಮಿಲಿ ಕ್ಯಾಸಿಡಿ ಮತ್ತು ಸಂಗಡಿಗರು ಟನ್ನುಗಳ ಬದಲು ಹೆಕ್ಟೇರಿಗೆ ಎಷ್ಟು ಜನರ ಹೊಟ್ಟೆ ತುಂಬಿತು ಎಂದು ಎಣಿಸಿದರು. 2015ರಲ್ಲಿ ರೂತ್ ಡಿಫ್ರೈಸ್ ಮತ್ತು ಸಂಗಡಿಗರು ‘ಪೌಷ್ಟಿಕ ಇಳುವರಿ’ ಎಂಬ ಅಳತೆ ಮುಂದಿಟ್ಟರು: ಒಂದು ಹೆಕ್ಟೇರ್ ಬೆಳೆ ಎಷ್ಟು ಮಂದಿಗೆ ವರ್ಷಪೂರ್ತಿ ಬೇಕಾದ ಕಬ್ಬಿಣ, ಸತು ಕೊಟ್ಟೀತು? 2018ರಲ್ಲಿ ಕೈಲ್ ಡೇವಿಸ್ ತಂಡ ಭಾರತದ ಲೆಕ್ಕವನ್ನೇ ತೆಗೆಯಿತು. ಭತ್ತದ ಜಾಗದಲ್ಲಿ ಜೋಳ, ಸಜ್ಜೆ, ರಾಗಿ, ಮೆಕ್ಕೆಜೋಳ ಬೆಳೆದರೆ ನೀರಾವರಿಯ ನೀರು ಶೇ 33ರಷ್ಟು ಉಳಿದು, ಕಬ್ಬಿಣಾಂಶ ಶೇ 27, ಸತು ಶೇ 13 ಹೆಚ್ಚೀತು ಎಂದಿತು. ಅದೇ ವರ್ಷ ಕೇಂದ್ರ ಸರ್ಕಾರ ‘ಒರಟು ಧಾನ್ಯ’ದ ಹಣೆಪಟ್ಟಿ ಕಿತ್ತು ಜೋಳ, ಸಜ್ಜೆ, ರಾಗಿಗಳನ್ನು ‘ಪೌಷ್ಟಿಕ ಧಾನ್ಯ’ ಎಂದು ಕರೆಯಿತು. ಹಳೆಯ ಅಳತೆಯಲ್ಲಿ ಹಿಂದೆ ಬಿದ್ದ ದೇವದುರ್ಗದ ಮಳೆಯಾಶ್ರಿತ ಹೊಲ ಹೊಸ ಅಳತೆಯಲ್ಲಿ ಮುಂದೆ ಬಂದು ಕೂರುತ್ತದೆ. ಮಣ್ಣು ಅದೇ, ಮಳೆ ಅದೇ, ಬದಲಾದದ್ದು ಪ್ರಶ್ನೆ.

ಹಾಗಾದರೆ ರೈತ ಯಾಕೆ ಬದಲಾಗಲಿಲ್ಲ ಎಂದು ಸಭೆಗಳಲ್ಲಿ ಕೇಳುವವರಿದ್ದಾರೆ. 2024-25ರಲ್ಲಿ ಸಾಮಾನ್ಯ ಭತ್ತದ ಬೆಂಬಲ ಬೆಲೆ ಕ್ವಿಂಟಲ್‌ಗೆ 2,300 ರೂಪಾಯಿ, ಮಾಲ್ದಂಡಿ ಜೋಳಕ್ಕೆ 3,421. ಕಾಗದದ ಮೇಲೆ ಜೋಳವೇ ಗೆದ್ದಿದೆ. ಆದರೆ ಎಕರೆಗೆ ಬರುವ ತೂಕದಲ್ಲಿ ಜೋಳ ನೆಲ್ಲಿನ ಹತ್ತಿರಕ್ಕೂ ಬರುವುದಿಲ್ಲ, ದರವಿರುವುದು ತೂಕಕ್ಕೆ ಮಾತ್ರ. ಜೋಳದೊಳಗಿನ ಕಬ್ಬಿಣಕ್ಕೆ ಗಂಜ್‌ನಲ್ಲಿ ಸವಾಲು ಕೂಗುವುದಿಲ್ಲ. ಉಳಿಸಿದ ನೀರಿಗೆ ಯಾರೂ ಪಟ್ಟಿ ಬರೆದುಕೊಡುವುದಿಲ್ಲ. ಸಂಶೋಧಕರ ಇಳುವರಿ ಎಕರೆಯಿಂದ ಹನಿಗೆ, ಹನಿಯಿಂದ ಊಟದ ತಟ್ಟೆಗೆ ಸಾಗಿತು, ಸರ್ಕಾರದ ಖರೀದಿ ಕ್ವಿಂಟಲ್‌ನಲ್ಲೇ ನಿಂತಿತು. ಅಂದಮೇಲೆ ಕಾಲುವೆಗೆ ನೀರು ಬಿಟ್ಟ ಸುದ್ದಿ ಕೇಳಿ ನೆಲ್ಲಿಗೇ ಸಿದ್ಧವಾಗುವ ಮಾನ್ವಿಯ ರೈತನಿಗೆ ತಿಳಿವಳಿಕೆ ಶಿಬಿರ ಬೇಕಿಲ್ಲ. ಯಾವ ಇಳುವರಿಗೆ ದುಡ್ಡು ಸಿಗುತ್ತದೋ ಅದನ್ನು ಅವನು ಬೆಳೆಯುತ್ತಿದ್ದಾನೆ. ಬದಲಾಗಬೇಕಾದ ಲೆಕ್ಕ ಅವನದಲ್ಲ.